ಮಲಗುವ ಹೊತ್ತಿನ ಹಾಡು ಎಲ್ಲಿ ನಿಲ್ಲಬೇಕು?

"ಮೇಡಂ, ನಿದ್ದೆ ಬರೋ ಮ್ಯೂಸಿಕ್ ಯಾವ್ದಾದ್ರೂ ಇದ್ರೆ ಕಳಿಸಿ." ಆಟಿಸಂ ಇರುವ ಮಕ್ಕಳ ಜೊತೆ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಥೆರಪಿಸ್ಟ್ ಆಗಿ, ಕೆಲಸ ಮಾಡುವ ನನಗೆ ಅಪ್ಪ ಅಮ್ಮಂದಿರಿಂದ ಪದೇ ಪದೇ ಬರುವ ಮೆಸೇಜ್ ಇದು. ಬರುವುದೂ ರಾತ್ರಿ ಹನ್ನೊಂದರ ಮೇಲೆಯೇ. ಮಗು ಇನ್ನೂ ಎದ್ದಿದೆ, ಮನೆಯವರೆಲ್ಲ ಸುಸ್ತಾಗಿದ್ದಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ. ನಾನು ತಕ್ಷಣ ಹಾಡು ಕಳಿಸುವುದಿಲ್ಲ. ಸಂಜೆ ಏಳರಿಂದ ಇಲ್ಲಿಯವರೆಗೆ ಮನೆಯಲ್ಲಿ ಏನೇನಾಯಿತು ಅಂತ ಕೇಳುತ್ತೇನೆ. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಯಾವ ಹಾಡು ಅನ್ನುವುದಕ್ಕಿಂತ, ಆ ಹಾಡು ಎಲ್ಲಿ ಶುರುವಾಗುತ್ತೆ, ಎಲ್ಲಿ ನಿಲ್ಲುತ್ತೆ ಅನ್ನುವುದೇ ಜಾಸ್ತಿ ಮುಖ್ಯ.

ನಿದ್ದೆಯ ತೊಂದರೆ ಈ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಶೇಕಡಾ 50ರಿಂದ 80ರಷ್ಟು ಮಕ್ಕಳಲ್ಲಿ ಇರುತ್ತದೆ ಅಂತ ಅಂದಾಜು. ಕಾರಣ ಒಂದೇ ಅಲ್ಲ. ಕತ್ತಲಾದ ಮೇಲೆ ಮೆದುಳು ಮೆಲಟೋನಿನ್ ಅನ್ನುವ ಹಾರ್ಮೋನ್ ಬಿಡುತ್ತದೆ, ನಿದ್ದೆಯ ಹೊತ್ತು ಬಂತು ಅಂತ ದೇಹಕ್ಕೆ ತಿಳಿಸುವುದೇ ಅದು. ಆಟಿಸಂ ಇರುವ ಎಷ್ಟೋ ಮಕ್ಕಳಲ್ಲಿ ಇದರ ಪ್ರಮಾಣ ಅಥವಾ ಸಮಯ ಏರುಪೇರಾಗಿರುತ್ತದೆ. ಅದರ ಮೇಲೆ ಚುಚ್ಚುವ ಬಟ್ಟೆ, ಫ್ಯಾನಿನ ಸದ್ದು, ಬಾಗಿಲ ಕೆಳಗಿಂದ ಬರುವ ಬೆಳಕಿನ ಗೆರೆ. ನಮಗೆ ಲೆಕ್ಕಕ್ಕೇ ಬರದ ವಿಷಯಗಳು ಮಗುವಿಗೆ ದೊಡ್ಡದಾಗಿ ಕಾಡುತ್ತವೆ. ಹಟ ಮಾಡ್ತಾನೆ ಅಂತ ಬೈಯುವ ಮೊದಲು ಇದನ್ನು ನೆನಪಿಟ್ಟುಕೊಂಡರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಹಾಡಿನ ಮಾತಿಗೆ ಮೊದಲು ಡಾಕ್ಟರ ಮಾತು. ಮಲಬದ್ಧತೆ, ಹೊಟ್ಟೆಯ ಆಸಿಡ್ ಮೇಲೆ ಬರುವುದು, ಹಲ್ಲುನೋವು, ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕಬ್ಬಿಣದ ಅಂಶ ಕಡಿಮೆಯಾಗಿ ಕಾಲು ಆಡಿಸುತ್ತಲೇ ಇರುವುದು, ಫಿಟ್ಸ್. ಇವೆಲ್ಲ ನಿದ್ದೆ ಕೆಡಿಸುತ್ತವೆ. ಮಾತು ಬಾರದ ಮಗು "ಹೊಟ್ಟೆ ನೋಯ್ತಿದೆ" ಅಂತ ಹೇಳುವುದಿಲ್ಲ, ಕಿರುಚುತ್ತದೆ, ಇಲ್ಲವೇ ತಲೆ ಚಚ್ಚಿಕೊಳ್ಳುತ್ತದೆ. ನೋವಿಗೆ ಹಾಡು ಹಾಕಿ ಏನು ಪ್ರಯೋಜನ ಅಲ್ವಾ?

ಆಮೇಲೆ ಡೈರಿ. ಎರಡು ವಾರ ಬರೆಯಲು ಹೇಳುತ್ತೇನೆ. ಹಾಸಿಗೆಗೆ ಹೋದದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಎಷ್ಟಕ್ಕೆ, ರಾತ್ರಿ ಎದ್ದದ್ದು, ಬೆಳಿಗ್ಗೆ ಎದ್ದದ್ದು, ಹಗಲು ಮಲಗಿದ್ದು. ಅಷ್ಟು ಸಾಕು. ಬಹಳಷ್ಟು ಮನೆಗಳ ಡೈರಿಯಲ್ಲಿ ಒಂದೇ ಕಥೆ. ಎಂಟೂವರೆಗೆ ಮಲಗಿಸುತ್ತಾರೆ, ಮಗುವಿಗೆ ನಿದ್ದೆ ಹತ್ತುವುದು ಹತ್ತೂವರೆಗೆ. ನಡುವಿನ ಎರಡು ಗಂಟೆ ಹಾಸಿಗೆಯ ಮೇಲೆ ಕುಸ್ತಿ. ಹಾಗಾಗಿ ಹಾಸಿಗೆ ಅಂದರೇನೇ ಜಗಳದ ಜಾಗ ಅಂತ ಮಗುವಿನ ಮನಸ್ಸಲ್ಲಿ ಕೂತುಬಿಡುತ್ತದೆ.

ಇಲ್ಲಿ ನಾನು ಹೇಳುವ ಮಾತು ಅಪ್ಪ ಅಮ್ಮಂದಿರಿಗೆ ಉಲ್ಟಾ ಅನ್ನಿಸುತ್ತದೆ. ಸದ್ಯಕ್ಕೆ ಹತ್ತೂವರೆಗೇ ಮಲಗಿಸಿ. ಬೆಳಿಗ್ಗೆ ಎಬ್ಬಿಸುವ ಹೊತ್ತು ಮಾತ್ರ ಬದಲಾಗಬಾರದು, ರಜಾದಿನದಲ್ಲೂ. ಹಾಸಿಗೆಗೆ ಹೋದ ಸ್ವಲ್ಪ ಹೊತ್ತಿಗೇ ನಿದ್ದೆ ಹತ್ತಲು ಶುರುವಾದ ಮೇಲೆ ಮಲಗುವ ಸಮಯವನ್ನು 15 ನಿಮಿಷದಂತೆ ಬೇಗ ಮಾಡುತ್ತಾ ಬನ್ನಿ. ಈ ಬದಲಾವಣೆ ನಡೆಯುವಾಗ ಮಗುವಿಗೆ ಗಡಿಯಾರ ಅರ್ಥವಾಗುವುದಿಲ್ಲ, ಹಾಡು ಅರ್ಥವಾಗುತ್ತದೆ. ಹೊತ್ತು ಬದಲಾದರೂ ಹಾಡು ಅದೇ, ಹಾಡಿನ ನಂತರ ಆಗುವುದೂ ಅದೇ.

ಈಗ ಯಾವ ಹಾಡು ಅನ್ನುವ ಪ್ರಶ್ನೆ. ಮಗುವಿಗೆ ತುಂಬಾ ಇಷ್ಟವಾದ ಹಾಡು ಬೇಡ. ಇಷ್ಟದ ಹಾಡು ಕೇಳಿದರೆ ಕುಣಿಯುತ್ತದೆ, ಕೈ ಬಡಿಯುತ್ತದೆ, ಮತ್ತೆ ಹಾಕು ಅನ್ನುತ್ತದೆ. ಪದಗಳಿರುವ ಹಾಡೂ ಎಲ್ಲರಿಗೂ ಆಗುವುದಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ಅಭ್ಯಾಸವಿರುವ ಮಗು ಸಾಲು ಸಾಲಾಗಿ ಒಪ್ಪಿಸುತ್ತಾ ಎಚ್ಚರವಾಗಿಯೇ ಇರುತ್ತದೆ. ಒಂದೇ ವಾದ್ಯ, ನಿಮಿಷಕ್ಕೆ 60ರಿಂದ 80 ಬಡಿತದ ಲಯ, ಮಧ್ಯದಲ್ಲಿ ಸದ್ದು ಏರುವಂತಿಲ್ಲ, ತಟ್ಟನೆ ಡ್ರಮ್ ಬರುವಂತಿಲ್ಲ. ಹಾಕುವ ಮೊದಲು ನೀವು ಪೂರ್ತಿ ಕೇಳಿ. ಶುರುವಿನ ಅರ್ಧ ನಿಮಿಷ ಕೇಳಿ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಬೇಡಿ. ನಾಲ್ಕನೇ ನಿಮಿಷದಲ್ಲಿ ಗಂಟೆ ಬಾರಿಸುವ ಎಷ್ಟೋ "ರಿಲ್ಯಾಕ್ಸಿಂಗ್" ಟ್ರ್ಯಾಕ್‌ಗಳನ್ನು ನಾನು ಕೇಳಿದ್ದೇನೆ.

ಇನ್ನೊಂದು, ಅದೇ ರೆಕಾರ್ಡಿಂಗ್ ಇರಬೇಕು. ಈ ಮಕ್ಕಳಲ್ಲಿ ಹಲವರಿಗೆ ಸ್ವರದ ವ್ಯತ್ಯಾಸ ಗುರುತಿಸುವ ಕಿವಿ ನಮಗಿಂತ ಚುರುಕು. ಒಬ್ಬ ತಾಯಿ ಹಳೆ ಫೋನ್ ಹಾಳಾಯಿತು ಅಂತ ಅದೇ ರಾಗದ ಬೇರೆ ರೆಕಾರ್ಡಿಂಗ್ ಹಾಕಿದ್ದರು. ಅವರ ಕಿವಿಗೆ ಎರಡೂ ಒಂದೇ. ಮಗಳು ಎರಡನೇ ಸ್ವರಕ್ಕೇ ಎದ್ದು ಕೂತು, "ತಪ್ಪು, ತಪ್ಪು" ಅಂತ ಫೋನ್ ತಿರುವಿ ಹಾಕಿದಳಂತೆ. ಅದಕ್ಕೇ ಫೈಲ್ ಡೌನ್‌ಲೋಡ್ ಮಾಡಿ, ಎರಡು ಕಡೆ ಇಟ್ಟುಕೊಳ್ಳಿ ಅನ್ನುತ್ತೇನೆ. ಇಂಟರ್‌ನೆಟ್‌ನಿಂದ ನೇರವಾಗಿ ಹಾಕಿದರೆ ಮಧ್ಯೆ ಜಾಹೀರಾತು ಬರುತ್ತದೆ, ಮುಗಿದ ಮೇಲೆ ತಾನಾಗಿ ಬೇರೇನೋ ಶುರುವಾಗುತ್ತದೆ. ಪರದೆಯ ಬೆಳಕೂ ಬೇಡ. ನೀಲಿ ಬೆಳಕು ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಫೋನ್ ಬೋರಲು ಹಾಕಿ, ಇಲ್ಲವೇ ಚಿಕ್ಕ ಸ್ಪೀಕರ್ ಇಡಿ.

ಆದರೆ ಓಡಾಡುತ್ತಿರುವ ಮಗುವಿಗೆ ಏಕ್‌ದಂ ನಿಧಾನದ ಸಂಗೀತ ಹಾಕಿದರೆ ಅದು ಕಿವಿಗೇ ಬೀಳುವುದಿಲ್ಲ. ಮ್ಯೂಸಿಕ್ ಥೆರಪಿಯಲ್ಲಿ ಇದಕ್ಕೊಂದು ದಾರಿ ಇದೆ, ಐಸೊ ಪ್ರಿನ್ಸಿಪಲ್ ಅನ್ನುತ್ತಾರೆ. 1940ರ ದಶಕದಲ್ಲಿ ಆಲ್ಟ್‌ಶುಲರ್ ಅನ್ನುವ ಮನೋವೈದ್ಯರು ಹೇಳಿದ್ದು. ಮೊದಲು ವ್ಯಕ್ತಿ ಈಗ ಯಾವ ಸ್ಥಿತಿಯಲ್ಲಿ ಇದ್ದಾನೋ ಅದಕ್ಕೆ ಹೊಂದುವ ಸಂಗೀತ, ಆಮೇಲೆ ನಾವು ಕರೆದೊಯ್ಯಬೇಕಾದ ಕಡೆಗೆ ಮೆಲ್ಲಗೆ ಬದಲಾವಣೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗ ಸಂಜೆ ಆದರೆ ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ಓಡುತ್ತಿದ್ದ. ತಡೆದರೆ ಕಚ್ಚುತ್ತಿದ್ದ. ಸೆಷನ್‌ನಲ್ಲಿ ನಾನು ನೆಲದ ಮೇಲೆ ಕೂತು, ಅವನ ಹೆಜ್ಜೆಗೆ ಸರಿಯಾಗಿ ತೊಡೆ ತಟ್ಟಲು ಶುರು ಮಾಡಿದೆ. ಅವನು ಓಡಿದಷ್ಟು ವೇಗಕ್ಕೆ ತಟ್ಟಿದೆ. ಅವನ ಮುಖ ನೋಡಲಿಲ್ಲ, ಮಾತಾಡಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಬಾಗಿಲ ಹತ್ತಿರ ನಿಂತ. ನಾನೂ ನಿಲ್ಲಿಸಿದೆ. ಅವನು ಒಂದು ಹೆಜ್ಜೆ ಇಟ್ಟ, ನಾನು ಒಂದು ಸಲ ತಟ್ಟಿದೆ. ಅವನಿಗೆ ಗೊತ್ತಾಯಿತು, ಮುಖದಲ್ಲಿ ಸಣ್ಣ ನಗು. ಆಮೇಲೆ ನಾನು ಕೂದಲೆಳೆಯಷ್ಟು ತಡ ಮಾಡಿ ತಟ್ಟತೊಡಗಿದೆ, ಅವನ ಹೆಜ್ಜೆಯೂ ತಡವಾಯಿತು. ಓಟ ನಡಿಗೆಯಾಯಿತು. ಕೊನೆಗೆ ಬಂದು ನನ್ನ ತೊಡೆಯ ಮೇಲೆ ಅವನೇ ಕೈಯಿಟ್ಟು ತಟ್ಟಿಸಿಕೊಂಡ. ಇದನ್ನೇ ಅವನ ಅಪ್ಪ ಮನೆಯಲ್ಲಿ ಕಲಿತರು. ತೊಡೆ ತಟ್ಟುವುದು ಮುಗಿದ ಮೇಲೆ ರೆಕಾರ್ಡ್ ಮಾಡಿದ ನಿಧಾನದ ರಾಗ. ವಾದ್ಯ ಬರಬೇಕು, ಹಾಡಲು ಬರಬೇಕು ಅಂತೇನಿಲ್ಲ.

ಆರಾಮದ ವ್ಯಾಯಾಮಗಳ ವಿಷಯದಲ್ಲಿ ನನಗೊಂದು ತಕರಾರಿದೆ. ಪುಸ್ತಕದಲ್ಲಿ ಇರುವುದನ್ನು ಹಾಗೇ ಓದಿ ಹೇಳಿದರೆ ಈ ಮಕ್ಕಳಿಗೆ ತಲುಪುವುದಿಲ್ಲ. ಸ್ನಾಯುಗಳನ್ನು ಒಂದೊಂದಾಗಿ ಬಿಗಿ ಮಾಡಿ ಸಡಿಲ ಬಿಡುವ ವಿಧಾನವನ್ನು ಅಮೆರಿಕದ ಎಡ್ಮಂಡ್ ಜೇಕಬ್ಸನ್ ಅನ್ನುವ ವೈದ್ಯರು 1920ರ ದಶಕದಲ್ಲಿ ರೂಪಿಸಿದರು. ಒಳ್ಳೆಯ ವಿಧಾನ. ಮಕ್ಕಳಿಗೆ ಹೇಳಿಕೊಡುವಾಗ "ಕೈಯಲ್ಲಿ ನಿಂಬೆಹಣ್ಣು ಇದೆ ಅಂದ್ಕೋ, ಹಿಂಡು" ಅನ್ನುವುದು ರೂಢಿ. ಒಬ್ಬ ಹುಡುಗಿ ತನ್ನ ಅಂಗೈ ನೋಡಿ, ನನ್ನ ಮುಖ ನೋಡಿ, "ನಿಂಬೆಹಣ್ಣು ಎಲ್ಲಿ?" ಅಂದಳು. ಸರಿಯಾದ ಪ್ರಶ್ನೆಯೇ! ಅವಳಿಗೆ ನಿಜವಾದ ಸ್ಪಂಜಿನ ಚೆಂಡು ಬೇಕಿತ್ತು. ಕೊಟ್ಟೆ, ಹಿಂಡಿದಳು, ಬಿಟ್ಟಳು, ಚೆಂಡು ಮತ್ತೆ ಉಬ್ಬುವುದನ್ನು ನೋಡಿದಳು. ಬಿಗಿ ಅಂದರೇನು, ಸಡಿಲ ಅಂದರೇನು ಅಂತ ಚೆಂಡೇ ತೋರಿಸಿತು.

ಉಸಿರಾಟವೂ ಹಾಗೇ. "ದೀರ್ಘವಾಗಿ ಉಸಿರು ತಗೋ" ಅಂದರೆ ಮಗು ಎದೆ ಉಬ್ಬಿಸಿ, ಭುಜ ಏರಿಸಿ, ಇನ್ನೂ ಬಿಗಿಯಾಗುತ್ತದೆ. ನಮಗೆ ಬೇಕಾದದ್ದು ಉದ್ದವಾಗಿ ಹೊರಬಿಡುವ ಉಸಿರು. ಟಿಶ್ಯೂ ಕಾಗದದ ಒಂದು ಪಟ್ಟಿ ಹರಿದು ಮುಖದ ಮುಂದೆ ಹಿಡಿದು, ಅದು ಹಾರುತ್ತಲೇ ಇರುವಂತೆ ಊದು ಅಂದರೆ ತಾನಾಗಿಯೇ ಬರುತ್ತದೆ. ಇದನ್ನೆಲ್ಲ ಮೊದಲು ಹಗಲು ಹೊತ್ತಲ್ಲಿ, ಮಗು ಖುಷಿಯಾಗಿದ್ದಾಗ ಕಲಿಸಬೇಕು. ಅಳುತ್ತಿರುವ ಮಗುವಿಗೆ ರಾತ್ರಿ ಹತ್ತು ಗಂಟೆಗೆ ಹೊಸ ಪಾಠ ಹೇಳಿದರೆ ಇಬ್ಬರಿಗೂ ಕಷ್ಟ.

ಮೈಗೆ ಒತ್ತಡ ಸಿಕ್ಕರೆ ಕೆಲವು ಮಕ್ಕಳು ಬೇಗ ಶಾಂತರಾಗುತ್ತಾರೆ. ಸ್ವತಃ ಆಟಿಸಂ ಇರುವ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಹದಿಹರೆಯದಲ್ಲೇ ತಮಗಾಗಿ ಮೈಯನ್ನು ಎರಡೂ ಕಡೆಯಿಂದ ಒತ್ತುವ ಯಂತ್ರ ಮಾಡಿಕೊಂಡಿದ್ದರು. ಎಲ್ಲರೂ ಆ ಯಂತ್ರದ ಬಗ್ಗೆ ಮಾತಾಡುತ್ತಾರೆ, ನನಗೆ ಮುಖ್ಯ ಅನ್ನಿಸುವುದು ಅದರ ಹಿಡಿ ಅವರ ಕೈಯಲ್ಲೇ ಇತ್ತು ಅನ್ನುವುದು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಅಂತ ಅವರೇ ನಿರ್ಧರಿಸುತ್ತಿದ್ದರು. ಮಸಾಜ್ ಮಾಡುವಾಗಲೂ ಹಾಗೇ ಮಾಡಿ. "ಇನ್ನೂ ಬೇಕಾ, ಸಾಕಾ?" ಅಂತ ಕೇಳಿ, ಮಾತು ಬಾರದಿದ್ದರೆ ಎರಡು ಕಾರ್ಡ್ ತೋರಿಸಿ. ಭಾರದ ಹೊದಿಕೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 67 ಮಕ್ಕಳು ಭಾರದ ಹೊದಿಕೆಯನ್ನೂ ಮಾಮೂಲಿ ಹೊದಿಕೆಯನ್ನೂ ಬಳಸಿ ನೋಡಿದರು. ಅಳೆದು ನೋಡಿದಾಗ ನಿದ್ದೆ ಹೆಚ್ಚಾಗಿರಲಿಲ್ಲ, ಆದರೂ ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಭಾರದ್ದೇ ಇಷ್ಟವಾಯಿತು. ಇಷ್ಟವಾದರೆ ಬಳಸಬಹುದು, ಆದರೆ ಮಗು ತಾನೇ ಅದನ್ನು ತೆಗೆದು ಹಾಕುವಂತಿರಬೇಕು. ತೀರಾ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ.

ಈಗ ಹಾಡು ನಿಲ್ಲುವ ಜಾಗಕ್ಕೆ ಬರೋಣ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ. ಹಾಡು ಹಾಕುತ್ತಾರೆ, ಮಗು ಕೇಳುತ್ತಾ ನಿದ್ದೆ ಹೋಗುತ್ತದೆ, ಅರ್ಧ ಗಂಟೆಗೆ ಹಾಡು ನಿಲ್ಲುತ್ತದೆ. ನಾವೆಲ್ಲ ರಾತ್ರಿ ಹಲವು ಸಲ ಅರೆಕ್ಷಣ ಎಚ್ಚರವಾಗುತ್ತೇವೆ, ಎಲ್ಲವೂ ಮಲಗಿದಾಗ ಇದ್ದ ಹಾಗೇ ಇದ್ದರೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ಅದು ನೆನಪೂ ಇರುವುದಿಲ್ಲ. ಹಾಡಿನ ಜೊತೆ ನಿದ್ದೆ ಹೋದ ಮಗುವಿಗೆ ಎರಡು ಗಂಟೆಗೆ ಎಚ್ಚರವಾದಾಗ ಹಾಡಿಲ್ಲ. ಏನೋ ಬದಲಾಗಿದೆ. ಬದಲಾವಣೆ ಅಂದರೇ ಹೆದರುವ ಮಗು ಪೂರ್ತಿ ಎದ್ದುಬಿಡುತ್ತದೆ. "ಹಾಡು ಹಾಕಿದ್ಮೇಲೆ ಬೇಗ ಮಲಗ್ತಾನೆ ಮೇಡಂ, ಆದ್ರೆ ರಾತ್ರಿ ಏಳೋದು ಜಾಸ್ತಿ ಆಗಿದೆ" ಅನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಅದಕ್ಕೆ ಹಾಡನ್ನು ಹಾಸಿಗೆಗೆ ಹೋಗುವ ದಾರಿಯಲ್ಲಿ ಇಡಿ. ನಮ್ಮಲ್ಲಿ ವೆಲ್ಕ್ರೊ ಹಚ್ಚಿದ ಚಿತ್ರಗಳ ಪಟ್ಟಿ ಮಾಡಿಕೊಡುತ್ತೇವೆ. ಸ್ನಾನ, ರಾತ್ರಿ ಬಟ್ಟೆ, ಹಾಡು ಮತ್ತು ಚೆಂಡು, ದೀಪ ಆರಿಸುವುದು, ಹಾಸಿಗೆ. ಮುಗಿದದ್ದನ್ನು ಮಗುವೇ ಕಿತ್ತು ಡಬ್ಬಿಗೆ ಹಾಕುತ್ತದೆ. ಆ ಚರ್ ಅನ್ನುವ ಸದ್ದು ಕೆಲವರಿಗೆ ಎಷ್ಟು ಇಷ್ಟ ಅಂದರೆ, ಅದಕ್ಕೋಸ್ಕರವೇ ಬೇಗ ಸ್ನಾನ ಮುಗಿಸುತ್ತಾರೆ. ಹಾಡು ಮಗು ಎಚ್ಚರವಿರುವಾಗಲೇ ಮುಗಿಯಬೇಕು, ಕೊನೆಯಲ್ಲಿ ಮೆಲ್ಲಗೆ ಕರಗಬೇಕು. ನಿಶ್ಶಬ್ದವನ್ನು ಸಹಿಸದ ಮಗುವಾದರೆ ರಾತ್ರಿಯಿಡೀ ಒಂದೇ ಸಮನಾದ ಸದ್ದು ಇಡಬಹುದು, ಮಳೆಯ ಸದ್ದಿನಂಥದ್ದು. ಆದರೆ ಅದು ಬೆಳಗಿನವರೆಗೂ ಇರಲಿ. ಸ್ಪೀಕರ್ ದಿಂಬಿನ ಪಕ್ಕ ಬೇಡ, ಕೋಣೆಯ ಆ ತುದಿಗಿರಲಿ, ಸದ್ದು ಸಣ್ಣಗಿರಲಿ. ಶಿಶುಗಳಿಗಾಗಿ ಮಾರುವ ಸದ್ದಿನ ಯಂತ್ರಗಳನ್ನು 2014ರಲ್ಲಿ ಪರೀಕ್ಷಿಸಿದಾಗ, ಪೂರ್ತಿ ವಾಲ್ಯೂಮ್‌ನಲ್ಲಿ ಎಲ್ಲವೂ ಆಸ್ಪತ್ರೆಯ ಶಿಶು ವಾರ್ಡಿಗೆ ಹೇಳಿದ 50 ಡೆಸಿಬೆಲ್ ಮಿತಿಯನ್ನು ದಾಟಿದ್ದವು. ಮಲಗುವಾಗ ಇಯರ್‌ಫೋನ್, ಹೆಡ್‌ಫೋನ್ ಬೇಡ. ವೈರು ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಇದೆ.

ಸಂಗೀತದಿಂದ ಆಟಿಸಂ ವಾಸಿಯಾಗುತ್ತದೆ, ಇಂತಿಷ್ಟು ಹರ್ಟ್ಸ್‌ನ (ಸದ್ದಿನ ಕಂಪನದ ಅಳತೆ) ಸದ್ದು ಕೇಳಿಸಿದರೆ ನಿದ್ದೆ ಗ್ಯಾರಂಟಿ ಅಂತ ಮಾರುವವರಿದ್ದಾರೆ. ಅಂಥ ಹರ್ಟ್ಸ್‌ಗೆ ಗಟ್ಟಿ ಪುರಾವೆ ಇಲ್ಲ, ದುಡ್ಡು ಕೊಡಬೇಡಿ. ಒಂಬತ್ತು ದೇಶಗಳ 364 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಮ್ಯೂಸಿಕ್ ಥೆರಪಿಯಿಂದ ಆಟಿಸಂನ ಮೂಲ ಲಕ್ಷಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ನಿದ್ದೆಯ ಪ್ರಯೋಗವಲ್ಲ, ನಿಜ. ಆದರೂ ಸಂಗೀತದ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದಕ್ಕೆ ಒಂದು ಅಳತೆ ಸಿಗುತ್ತದೆ. ಅಮೆರಿಕದ ನರವೈದ್ಯರ ಅಕಾಡೆಮಿಯ 2020ರ ಮಾರ್ಗದರ್ಶಿಯೂ ಮೊದಲು ಬೇರೆ ಕಾಯಿಲೆ ಮತ್ತು ಔಷಧಿಗಳ ಕಡೆ ನೋಡಿ, ಮಲಗುವ ಅಭ್ಯಾಸ ಸರಿ ಮಾಡಿ, ಅದರಿಂದ ಆಗದಿದ್ದರೆ ಮೆಲಟೋನಿನ್ ಯೋಚಿಸಿ ಅನ್ನುತ್ತದೆ. ಆ ಮಾತ್ರೆಯ ಪ್ರಮಾಣ ಮಗುವಿನ ಡಾಕ್ಟರೇ ಹೇಳಬೇಕು, ಅಂಗಡಿಯಿಂದ ಸುಮ್ನೆ ತಂದು ಕೊಡುವಂಥದ್ದಲ್ಲ.

ಹೊಸ ಕ್ರಮ ಶುರುವಾದ ಮೊದಲ ಕೆಲವು ರಾತ್ರಿ ಮೊದಲಿಗಿಂತ ಕೆಟ್ಟದಾಗಿರಬಹುದು. ಅಷ್ಟಕ್ಕೇ ಹಾಡು ಬದಲಿಸಬೇಡಿ. ಡೈರಿಯಲ್ಲಿ ಒಟ್ಟು ನಿದ್ದೆಯ ಗಂಟೆಗಿಂತ ಮೊದಲು, ದೀಪ ಆರಿಸಿದ ಮೇಲೆ ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು ಅನ್ನುವುದನ್ನು ನೋಡಿ. ಸಾಮಾನ್ಯವಾಗಿ ಮೊದಲು ಸುಧಾರಿಸುವುದು ಅದೇ. ಜ್ವರ ಬಂದಾಗ, ಪ್ರಯಾಣ ಹೋದಾಗ ಎಲ್ಲ ಕೆಡುತ್ತದೆ. ಆಗ ಇಡೀ ಪಟ್ಟಿ ಹಿಡಿದು ಕೂರದೆ ಹಾಡು ಮತ್ತು ಹಾಸಿಗೆ, ಎರಡೇ ಕಾರ್ಡಿನಿಂದ ಮತ್ತೆ ಶುರು ಮಾಡಿ. ಉಳಿದವನ್ನು ಆಮೇಲೆ ಒಂದೊಂದಾಗಿ ಸೇರಿಸಿದರಾಯಿತು.