ಫೋಟೋ ನಂಬರ್ 98

ಲ್ಯಾಬ್ ರಿಪೋರ್ಟ್ ಬಂದ ದಿನ ಅದನ್ನು ಪ್ರಿಂಟ್ ತೆಗೆದು ನಾನೇ ಹೋಗಿ ಮ್ಯಾನೇಜರ್ ಟೇಬಲ್ ಮೇಲೆ ಇಟ್ಟು ಬಂದಿದ್ದೆ. ಮೇಲ್ ಫಾರ್ವರ್ಡ್ ಮಾಡಿದ್ದರೆ ಸಾಕಿತ್ತು. ಸ್ಯಾಂಪಲ್ 1, 2: ಏನೂ ಪತ್ತೆಯಾಗಿಲ್ಲ. ಸ್ಯಾಂಪಲ್ 3, 4: ಪೆಟ್ರೋಲ್. "ನಾನು ಮೊದಲ ದಿನವೇ ಹೇಳಿರಲಿಲ್ವಾ ಸಾರ್" ಅಂದಿದ್ದೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಿಮೆ ಕ್ಲೇಮ್ ಬಂದ ಬೆಂಕಿಗಳಿಗೆ ಕಾರಣ ಹುಡುಕುವುದು ನನ್ನ ಕೆಲಸ. ಈ ಕೇಸ್ ಒಂದು ಫರ್ನಿಚರ್ ಗೋಡೌನಿನದು. ರಾತ್ರಿ ಹತ್ತಿಕೊಂಡ ಬೆಂಕಿ ಬೆಳಗಿನ ಜಾವದವರೆಗೆ ಉರಿದಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಸ್ಪಾಟ್‌ಗೆ ಇಳಿಯುವ ಮುಂಚೆ ಕಾರಿನಲ್ಲೇ ಕೂತು ಫೈಲ್ ಓದಿದೆ. ಎರಡು ತಿಂಗಳ ಹಿಂದೆ ಸಮ್ ಇನ್ಶೂರ್ಡ್, ಅಂದರೆ ವಿಮೆಯ ಮೊತ್ತ, ಏರಿಸಿದ್ದರು. ಕ್ಲೇಮ್ಸ್ ಡೆಸ್ಕ್‌ನವರು ಆ ಸಾಲಿಗೆ ಹಳದಿ ಬಳಿದು ಪಕ್ಕದಲ್ಲಿ ಮೂರು ಪ್ರಶ್ನೆ ಗುರುತು ಹಾಕಿದ್ದರು. ಆ ಹಳದಿ ನನ್ನ ಕಣ್ಣಿಗೂ ಹತ್ತಿಕೊಂಡಿತು. ಬಾಗಿಲು ದಾಟುವ ಮುಂಚೆಯೇ ಇದು ಹಚ್ಚಿದ ಬೆಂಕಿ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಹೊಸ ಸ್ಟಾಕ್ ಬಂದಿದ್ದಕ್ಕೆ ಏರಿಸಿದ್ದು ಅಂತ ಆಮೇಲೆ ಬಿಲ್‌ಗಳಲ್ಲಿ ಸಿಕ್ಕಿತು. ಅಷ್ಟೊತ್ತಿಗೆ ಅದನ್ನು ನೋಡುವ ಮನಸ್ಸು ಯಾರಿಗಿತ್ತು?

ಒಳಗೆ ನೆಲದ ಮೇಲೆ ಕೊಚ್ಚೆ ಹರಡಿದಂತೆ ಅಂಕುಡೊಂಕಾದ ಸುಟ್ಟ ಗುರುತು ಇತ್ತು. ಅಂಚು ಚೂಪಾಗಿ, ನಡುವೆ ಆಳವಾಗಿ. ಹಳೆಯ ಕಾಲದವರಾದರೆ ನೋಡಿದ ಕೂಡಲೇ "ಸುರಿದಿದ್ದಾರೆ" ಅನ್ನುತ್ತಿದ್ದರು. ನಾನು ಹಳೆಯ ಕಾಲದವನಲ್ಲ. ಚಾವಣಿ ಕೆಳಗಿನ ಬಿಸಿ ಹೊಗೆ 600 ಡಿಗ್ರಿ ಹತ್ತಿರ ಬಂದಾಗ ಅದರ ಕಾವಿಗೇ ಇಡೀ ಕೋಣೆ ಒಟ್ಟಿಗೆ ಹತ್ತಿಕೊಳ್ಳುತ್ತದೆ, ಆಮೇಲೆ ಒಂದು ಹನಿ ಪೆಟ್ರೋಲ್ ಇಲ್ಲದೆಯೂ ನೆಲದ ಮೇಲೆ ಇಂಥ ಗುರುತು ಬೀಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. 2005ರಲ್ಲಿ ಲಾಸ್ ವೇಗಸ್‌ನಲ್ಲಿ ಮಾಡಿದ ಪರೀಕ್ಷೆಯ ಕಥೆಯನ್ನು ಹೊಸಬರಿಗೆ ಸ್ಲೈಡ್ ಹಾಕಿ ಹೇಳುವವನೂ ನಾನೇ. ಎರಡು ಕೋಣೆಗೆ ಬೆಂಕಿ ಕೊಟ್ಟು, ಹೀಗೆ ಇಡೀ ಕೋಣೆ ಒಟ್ಟಿಗೆ ಹತ್ತಿಕೊಳ್ಳುವ ಫ್ಲ್ಯಾಶ್‌ಓವರ್ ಆದ ಮೇಲೆ ಇನ್ನೆರಡು ನಿಮಿಷ ಉರಿಯಲು ಬಿಟ್ಟು ನಂದಿಸಿದರು. ಕೋಣೆಯ ಯಾವ ಕಾಲುಭಾಗದಲ್ಲಿ ಬೆಂಕಿ ಶುರುವಾಯಿತು ಅಂತ 53 ತನಿಖೆಗಾರರನ್ನು ಕೇಳಿದರು. ಒಂದೊಂದು ಕೋಣೆಗೂ ಸರಿಯಾಗಿ ಹೇಳಿದವರು ಮೂರು ಮೂರೇ ಜನ. ಕಣ್ಣು ಮುಚ್ಚಿ ಬೆರಳು ತೋರಿಸಿದ್ದರೂ ಇದಕ್ಕಿಂತ ಜಾಸ್ತಿ ಸರಿ ಬರುತ್ತಿತ್ತು. ಆ ಸ್ಲೈಡ್‌ಗೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ.

ಅದೆಲ್ಲ ಟ್ರೈನಿಂಗ್ ರೂಮಿನ ಜ್ಞಾನ. ಸ್ಪಾಟ್‌ನಲ್ಲಿ ಆ ಗುರುತು ನೋಡಿ ನಾನು ನೋಟ್‌ಬುಕ್‌ನಲ್ಲಿ ಬರೆದಿದ್ದು ಒಂದೇ ಪದ: "ಪೋರ್?" ಸುರಿದದ್ದಾ ಅಂತ. ಸಂಜೆ ಟೈಪ್ ಮಾಡುವಾಗ ಆ ಪ್ರಶ್ನೆ ಗುರುತೂ ಬಿದ್ದುಹೋಯಿತು.

ಸ್ಯಾಂಪಲ್ ತೆಗೆದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಾವು ಬಳಸುವುದು ಹೊಸ ಪೇಂಟ್ ಡಬ್ಬಿ. ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬುವಂತಿಲ್ಲ, ಆವಿಗೆ ಮೇಲೆ ಜಾಗ ಬೇಕು. ಮುಚ್ಚಳ ಕೂರುವ ಅಂಚಿನ ತೋಡಿನಲ್ಲಿ ಒಂದು ಚೂರು ಇದ್ದಿಲಿದ್ದರೂ ಸೀಲ್ ಕೂರುವುದಿಲ್ಲ. ಹಾಗಾಗಿ ತೋಡನ್ನು ಸುತ್ತಲೂ ಒರೆಸಿ, ಮುಚ್ಚಳ ಇಟ್ಟು, ರಬ್ಬರ್ ಸುತ್ತಿಗೆಯಲ್ಲಿ ಎದುರು ಬದುರು ಬಡಿಯುತ್ತಾ ಹೋಗಬೇಕು. ಸರಿಯಾಗಿ ಕೂತರೆ ಟಕ್ ಅನ್ನುವ ಸದ್ದು ಬದಲಾಗಿ ಮಂದವಾಗುತ್ತದೆ. ಈ ಕೆಲಸ ನನಗೆ ಇಷ್ಟ, ನಾಲ್ಕು ಡಬ್ಬಿಯನ್ನೂ ಮುತುವರ್ಜಿಯಿಂದ ಮುಚ್ಚಿದ್ದೆ. ಲೇಬಲ್, ಸಹಿ, ಸಮಯ, ಎಲ್ಲ ಪಕ್ಕಾ.

ಆದರೆ ಮೊದಲ ಎರಡು ಡಬ್ಬಿ ಆದ ಮೇಲೆ ಲೈಟ್ ಮಂಕಾಯಿತು. ಹೊರಗೆ ಜನರೇಟರ್‌ನಲ್ಲಿ ಪೆಟ್ರೋಲ್ ಮುಗಿಯುತ್ತಾ ಬಂದಿತ್ತು. ನಮ್ಮ ಅಸಿಸ್ಟೆಂಟ್ ಹುಡುಗ ಕ್ಯಾಮೆರಾ ಹಿಡಿದಿದ್ದ. ನಾನೇ ಹೋಗಿ ತುಂಬಿಸಿದೆ. ವಾಪಸ್ ಬಂದು 3 ಮತ್ತು 4 ತೆಗೆದೆ. ನಡುವೆ ಗ್ಲೌಸ್ ಬದಲಿಸಲಿಲ್ಲ. ಗ್ಲೌಸ್ ಬಾಕ್ಸ್ ಕಾರಿನಲ್ಲಿತ್ತು, ಕಾರು ರಸ್ತೆಯ ತುದಿಯಲ್ಲಿತ್ತು. ಬಲ ಹೆಬ್ಬೆರಳಿನ ಹತ್ತಿರ ಹರಿದಿದ್ದಕ್ಕೂ ಹಳದಿ ಇನ್ಸುಲೇಶನ್ ಟೇಪ್ ಸುತ್ತಿಕೊಂಡು ಕೆಲಸ ಸಾಗಿಸಿದ್ದೆ. ಇದರಲ್ಲಿ ದೊಡ್ಡ ಕಾರಣ ಏನೂ ಇಲ್ಲ, ಸೋಮಾರಿತನ. ಆವತ್ತು ಅದು ತಪ್ಪು ಅಂತ ಕೂಡ ಅನ್ನಿಸಲಿಲ್ಲ. ತಲೆ ಪೂರ್ತಿ ನೆಲದ ಗುರುತಿನ ಮೇಲಿತ್ತು.

ರಿಪೋರ್ಟ್ ಹೋಯಿತು. ಕರೆಂಟ್ ಅಲ್ಲ, ಬೀಡಿ ಸಿಗರೇಟ್ ಅಲ್ಲ, ಸಿಡಿಲಲ್ಲ, ಪೆಟ್ರೋಲ್ ಇದೆ, ಆದ್ದರಿಂದ ಹಚ್ಚಿದ್ದು. ಎಲ್ಲವನ್ನೂ ಅಲ್ಲ ಅಲ್ಲ ಅನ್ನುತ್ತಾ ಬಂದು ಉಳಿದದ್ದೇ ಕಾರಣ ಅನ್ನುವ ದಾರಿಯನ್ನು ಬೆಂಕಿ ತನಿಖೆಗೆ ಅಮೆರಿಕದ ಮಾರ್ಗದರ್ಶಿಯಾದ ಎನ್‌ಎಫ್‌ಪಿಎ 921 ತನ್ನ 2011ರ ಆವೃತ್ತಿಯಲ್ಲೇ ಒಪ್ಪುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ. ಲ್ಯಾಬ್‌ನ ಪೆಟ್ರೋಲ್ ಕೈಯಲ್ಲಿದ್ದುದರಿಂದ ನನ್ನದು ಆ ದಾರಿ ಅಲ್ಲ ಅಂದುಕೊಂಡಿದ್ದೆ. ಕ್ಲೇಮ್ ಕೊಡುವುದಿಲ್ಲ ಅನ್ನುವ ರಿಪುಡಿಯೇಶನ್ ಲೆಟರ್ ಹೋಯಿತು. ಫೈಲ್ ಎಷ್ಟು ದಿನದಲ್ಲಿ ಮುಗಿಯಿತು ಅಂತ ತೋರಿಸುವ ನಮ್ಮ ಟಿಎಟಿ ಚಾರ್ಟ್ ಹಸಿರಾಯಿತು. ಆ ತಿಂಗಳ ಮೀಟಿಂಗ್‌ನಲ್ಲಿ ಮ್ಯಾನೇಜರ್ ನನ್ನ ಹೆಸರು ಹೇಳಿದರು.

ಪಾಲಿಸಿದಾರರು ಸುಮ್ಮನೆ ಕೂರಲಿಲ್ಲ. ತಮ್ಮ ಕಡೆಯಿಂದ ಒಬ್ಬ ಎಕ್ಸ್‌ಪರ್ಟ್ ಹಿಡಿದರು. ಅರವತ್ತು ದಾಟಿದ ಹೆಂಗಸು, ಇಂಜಿನಿಯರ್. ಮೀಟಿಂಗ್‌ಗೆ ಬಂದಾಗ ಕೈಯಲ್ಲಿ ಇದ್ದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಅಷ್ಟೇ. ನಾನು ಲ್ಯಾಪ್‌ಟಾಪ್, ಪ್ರೊಜೆಕ್ಟರ್, 212 ಫೋಟೋ ಇಟ್ಟುಕೊಂಡು ಯುದ್ಧಕ್ಕೆ ಕೂತವನ ಥರ ಕೂತಿದ್ದೆ. ಅರ್ಧ ಗಂಟೆ ಅವರು ಏನನ್ನೂ ಕೆದಕಲಿಲ್ಲ. ಗೋಡೌನ್ ಅಳತೆ, ಕಿಟಕಿ ಎಷ್ಟು, ಫೈರ್‌ನವರು ಎಷ್ಟೊತ್ತಿಗೆ ಬಂದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟರು.

"ಪ್ರತಿ ಸ್ಯಾಂಪಲ್‌ಗೂ ಗ್ಲೌಸ್ ಬದಲಿಸಿದ್ರಾ?"

"ಹೌದು ಮೇಡಂ. ಕಸ್ಟಡಿ ಫಾರ್ಮ್‌ನಲ್ಲಿ ಟಿಕ್ ಇದೆಯಲ್ಲ."

ಸುಳ್ಳು ಹೇಳಬೇಕು ಅಂತ ಹೇಳಲಿಲ್ಲ. ನಿಜವಾಗಲೂ ಹಾಗೇ ನಂಬಿದ್ದೆ. ಸ್ಯಾಂಪಲ್ ಯಾರ ಕೈಯಲ್ಲಿ ಹೇಗೆ ಸಾಗಿತು ಅಂತ ದಾಖಲಿಸುವ ಆ ಫಾರ್ಮನ್ನು ನಮ್ಮ ಟ್ಯಾಬ್‌ನಲ್ಲಿ ತೆರೆದರೆ ಆ ಸಾಲಿಗೆ ಟಿಕ್ ಮೊದಲೇ ಬಿದ್ದಿರುತ್ತದೆ, ಬೇಡವಾದರೆ ನಾವೇ ತೆಗೆಯಬೇಕು. ಮಾಡಿದ ಪುಣ್ಯಾತ್ಮ ಯಾರೋ ನಮ್ಮ ಸಮಯ ಉಳಿಸಿದೆ ಅಂದುಕೊಂಡಿರಬೇಕು. ಆದರೆ ಕೆಳಗಿನ ಸಹಿ ನನ್ನದು. ಆ ಕೋಣೆಯಲ್ಲಿ ಸಾಫ್ಟ್‌ವೇರ್ ಮೇಲೆ ಹಾಕಲು ನನಗೆ ಬಾಯಿ ಬರಲಿಲ್ಲ.

"ಫೋಟೋ 127 ಹಾಕ್ತೀರಾ?"

ಹಾಕಿದೆ. ಸ್ಯಾಂಪಲ್ 4ರ ಡಬ್ಬಿ, ಪಕ್ಕದಲ್ಲಿ ಸ್ಕೇಲ್, ಮುಚ್ಚಳ ಹಿಡಿದ ನನ್ನ ಕೈ. ನೀಲಿ ಗ್ಲೌಸ್, ಹೆಬ್ಬೆರಳಿಗೆ ಹಳದಿ ಟೇಪ್. ನನಗೆ ಇನ್ನೂ ಹೊಳೆದಿರಲಿಲ್ಲ. ಒಳ್ಳೆ ಫೋಟೋ ಅಂತಲೇ ನೋಡುತ್ತಿದ್ದೆ.

"ಈಗ 98."

ಪ್ರೊಜೆಕ್ಟರ್ ನಿಂತುಬಿಟ್ಟಿತು. ಪರದೆ ನಡುವೆ ಆ ಉಂಗುರ ಸುತ್ತುತ್ತಲೇ ಇತ್ತು. 98ರಲ್ಲಿ ಏನಿದೆ ಅಂತ ನೆನಪು ಮಾಡಿಕೊಳ್ಳಲು ಅಷ್ಟು ಹೊತ್ತು ಸಾಕಾಯಿತು. ಸ್ಪಾಟ್‌ಗೆ ತಂದ ಯಾವುದೇ ಪೆಟ್ರೋಲ್ ಉಪಕರಣ ಎಲ್ಲಿತ್ತು ಅಂತ ಫೋಟೋ ತೆಗೆಯಬೇಕು ಅನ್ನುವುದು ನಮ್ಮ ಟೀಮಿನ ನಿಯಮ. ಮಾಡಿದ್ದು ನಾನೇ, ಎರಡು ವರ್ಷದ ಹಿಂದೆ. ಜನರೇಟರ್ ಹೊರಗೇ ಇತ್ತು, ಗಾಳಿಗೆ ಕೆಳದಿಕ್ಕಿನಲ್ಲೇ ಇತ್ತು ಅಂತ ನಾಳೆ ಯಾರಾದರೂ ಕೇಳಿದರೆ ತೋರಿಸಲು. ಹುಡುಗ ನಿಯಮ ಪಾಲಿಸಿದ್ದ. ಹೊಟ್ಟೆಯೊಳಗೆ ಏನೋ ಜಾರಿದಂತಾಯಿತು. ಫೋಟೋ ತೆರೆದುಕೊಳ್ಳದೇ ಇರಲಿ ಅಂತ ಒಂದು ಕ್ಷಣ ಬೇಡಿಕೊಂಡೆ.

ತೆರೆದುಕೊಂಡಿತು. ಜನರೇಟರ್, ಅದರ ಬಾಯಿಗೆ ಬಗ್ಗಿಸಿದ ಪೆಟ್ರೋಲ್ ಕ್ಯಾನ್, ಕ್ಯಾನ್ ಹಿಡಿದ ನೀಲಿ ಗ್ಲೌಸ್, ಹೆಬ್ಬೆರಳಿಗೆ ಹಳದಿ ಟೇಪ್. ಮೂಲೆಯಲ್ಲಿ ಸಮಯ 11:42. ಸ್ಯಾಂಪಲ್ 3ರ ಲೇಬಲ್ ಮೇಲೆ 11:58.

"ಇದು ನಿಮ್ಮ ಕೈ ಅಲ್ವಾ?" ಅಂದರು. ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ. ಅದಿದ್ದರೆ ಜಗಳವಾದರೂ ಆಡಬಹುದಿತ್ತು.

ಯಾರೂ ಮಾತಾಡಲಿಲ್ಲ. ಮ್ಯಾನೇಜರ್ ನೀರಿನ ಬಾಟಲಿಯ ಮುಚ್ಚಳ ತೆಗೆದು ಮತ್ತೆ ಹಾಕಿದರು. ಕ್ಯಾಮೆರಾದ ಗಡಿಯಾರ ಸರಿ ಇಲ್ಲದಿರಬಹುದು ಅನ್ನಲೇ ಅಂತ ಬಂತು. ಬಂದದ್ದಕ್ಕೇ ನಾಚಿಕೆಯಾಯಿತು. "ಹೌದು ಮೇಡಂ, ನನ್ನದೇ" ಅಂದೆ.

ಲ್ಯಾಬ್‌ನವರು ತಪ್ಪು ಮಾಡಿರಲಿಲ್ಲ. ಡಬ್ಬಿಯೊಳಗೆ ಇದ್ದಿಲಿನ ಪಟ್ಟಿ ತೂಗುಹಾಕಿ, ಬಿಸಿ ಮಾಡಿ, ಆವಿ ಹೀರಿಸಿ, ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿಎಂಎಸ್‌ಗೆ ಹಾಕುತ್ತಾರೆ. ಒಂದು ಹನಿಯ ನೂರನೇ ಒಂದು ಪಾಲು ಇದ್ದರೂ ಹಿಡಿಯುವ ಯಂತ್ರ ಅದು. ಡಬ್ಬಿಯಲ್ಲಿ ಪೆಟ್ರೋಲ್ ಇತ್ತು, ಇದೆ ಅಂದರು. ಅದು ಬೆಂಕಿಗೆ ಮುಂಚೆಯೇ ನೆಲದಲ್ಲಿತ್ತೋ ನನ್ನ ಬೆರಳಿನಿಂದ ಬಂತೋ ಅಂತ ಯಂತ್ರ ಹೇಳುವುದಿಲ್ಲ. ಬೆಂಕಿ ಮುಟ್ಟದ ಮೂಲೆಯಿಂದ ಅದೇ ಗ್ಲೌಸ್‌ನಲ್ಲಿ ಒಂದು ಕಂಪ್ಯಾರಿಸನ್ ಸ್ಯಾಂಪಲ್ ತೆಗೆದಿದ್ದರೆ ಅದರಲ್ಲೂ ಪೆಟ್ರೋಲ್ ಬಂದು ಲ್ಯಾಬ್ ಹಂತದಲ್ಲೇ ಬಣ್ಣ ಬಯಲಾಗುತ್ತಿತ್ತು. ಫಾರ್ಮ್‌ನಲ್ಲಿ ಅದಕ್ಕೂ ಜಾಗ ಇದೆ. ಅಲ್ಲಿ ನಾನು "ಅಗತ್ಯವಿಲ್ಲ" ಅಂತ ಬರೆದಿದ್ದೆ.

ಇನ್ನೊಂದು ಸಂಗತಿ ಇದಕ್ಕಿಂತ ಜಾಸ್ತಿ ಚುಚ್ಚುತ್ತದೆ. ಪ್ಯಾಕಿಂಗ್ ಮೇಜಿನ ಹಿಂದೆ ಕರಗಿ ಉಂಡೆಯಾದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇತ್ತು. ಫೋಟೋ 61ರಲ್ಲಿ ಅಂಚಿನಲ್ಲಿ ಬಿದ್ದಿದೆ. ಹಿಗ್ಗಿಸಿ ನೋಡಿದರೆ ಒಂದು ತಾಮ್ರದ ಎಳೆಯ ತುದಿಯಲ್ಲಿ ಸಾಸಿವೆಯಷ್ಟು ಗುಂಡು. ತಾಮ್ರ ಕರಗಲು 1,085 ಡಿಗ್ರಿ ಬೇಕು. ಸುತ್ತಲಿನ ತಂತಿ ಸಪೂರವಾಗಿ ಹಾಗೇ ಇದ್ದು ತುದಿ ಮಾತ್ರ ಗುಂಡಾಗಿದ್ದರೆ ಅಲ್ಲಿ ಆರ್ಕ್, ಅಂದರೆ ಕರೆಂಟ್ ಕಿಡಿ, ಆಗಿರಬಹುದು. ಹಾಗಂತ ಬೆಂಕಿ ಅಲ್ಲೇ ಶುರುವಾಯಿತು ಅನ್ನಲಾಗದು. ಕರೆಂಟ್ ಇದ್ದ ತಂತಿಯನ್ನು ಬೆಂಕಿ ಸುಟ್ಟರೂ ಆರ್ಕ್ ಆಗುತ್ತದೆ. ಕೈಗೆತ್ತಿಕೊಂಡು ಎಕ್ಸ್‌ರೇ ಮಾಡಿ, ಮೈಕ್ರೋಸ್ಕೋಪ್ ಕೆಳಗೆ ನೋಡಬೇಕಿತ್ತು. ಬೋರ್ಡ್ ತಯಾರಿಸಿದವರಿಗೂ ನೋಟಿಸ್ ಕೊಟ್ಟು ಎಲ್ಲರೆದುರು ಬಿಚ್ಚಬೇಕಿತ್ತು.

ಮೇಡಂ ಅದನ್ನೂ ಕೇಳಿದರು. "ಆ ಬೋರ್ಡ್ ಎಲ್ಲಿ?"

ಇರಲಿಲ್ಲ. ಸ್ಯಾಂಪಲ್ ಸಿಕ್ಕಿತು ಅಂತ ಮೂರನೇ ದಿನವೇ ಮಾಲೀಕರಿಗೆ ಮೇಲ್ ಮಾಡಿ, ಇನ್ನು ಕ್ಲೀನ್ ಮಾಡಿಸಿಕೊಳ್ಳಿ ಅಂತ ನಾನೇ ಹೇಳಿದ್ದೆ. ಆ ಮೇಲ್ ಕೂಡ ಫೈಲಿನಲ್ಲಿದೆ. ಸಾಕ್ಷ್ಯ ನಾಶ ಅಂತ ನಾವು ಬೇರೆಯವರ ಮೇಲೆ ಪತ್ರ ಬರೆಯುತ್ತೇವೆ. ಇಲ್ಲಿ ಮಾಡಿದ್ದು ನಾನು, ಅದೂ ಉಪಕಾರ ಮಾಡಿದ ದನಿಯಲ್ಲಿ.

ರಿಪುಡಿಯೇಶನ್ ವಾಪಸ್ ಆಯಿತು. ನಾನು ರಿಪೋರ್ಟ್ ತಿದ್ದಬೇಕಾಯಿತು. ಅಲ್ಲೊಂದು ತಮಾಷೆ. ನಮ್ಮ ಸಿಸ್ಟಮ್‌ನಲ್ಲಿ ಕಾರಣ ಅನ್ನುವ ಡ್ರಾಪ್‌ಡೌನ್‌ನಲ್ಲಿ ಇರುವುದು ಮೂರೇ: ಆಕಸ್ಮಿಕ, ನೈಸರ್ಗಿಕ, ಉದ್ದೇಶಪೂರ್ವಕ. "ನಿರ್ಧರಿಸಲಾಗಿಲ್ಲ" ಅನ್ನುವುದೇ ಇಲ್ಲ! ಐಟಿಯವರಿಗೆ ಟಿಕೆಟ್ ಹಾಕಿದೆ. ಅದನ್ನು ಕೊಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ ಅಂತ ಮೇಲಿನವರು ಹಿಂದೆಯೇ ತೆಗೆಸಿದ್ದರಂತೆ. ಕೊನೆಗೆ "ಆಕಸ್ಮಿಕ" ಒತ್ತಿ, ರಿಮಾರ್ಕ್ಸ್‌ನಲ್ಲಿ "ಮೇಲಿನ ಆಯ್ಕೆ ಸಿಸ್ಟಮ್ ಕಡ್ಡಾಯದಿಂದ ಮಾಡಿದ್ದು, ಕಾರಣ ನಿರ್ಧರಿಸಲಾಗಿಲ್ಲ" ಅಂತ ಬರೆದೆ. ಮ್ಯಾನೇಜರ್ ಆ ಸಾಲು ತೆಗೆಯಲು ಹೇಳಿದರು. ತೆಗೆಯಲಿಲ್ಲ. ಆ ಫೈಲಿನಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ ಇರಬೇಕು.

ಈಗ ಜನರೇಟರ್ ಹತ್ತಿರ ಹೋಗುವವರು ಆ ದಿನ ಡಬ್ಬಿ ಮುಟ್ಟುವುದಿಲ್ಲ. ಗ್ಲೌಸ್ ಬಾಕ್ಸ್ ಕಿಟ್‌ನೊಳಗೇ ಇರುತ್ತದೆ. ಸ್ಯಾಂಪಲ್ ಕೆರೆಯಲು ಆದಷ್ಟೂ ಅದೇ ಡಬ್ಬಿಯ ಮುಚ್ಚಳ, ಬೇರೆ ಕರಣೆ ಇಲ್ಲ. ಡಬ್ಬಿಯಲ್ಲೇ ಮೊದಲಿನಿಂದ ಏನೂ ಇರಲಿಲ್ಲ ಅಂತ ತೋರಿಸಲು ಒಂದು ಖಾಲಿ ಡಬ್ಬಿಯನ್ನು ಸುಮ್ನೆ ಸೀಲ್ ಮಾಡಿ ಲ್ಯಾಬ್‌ಗೆ ಕಳಿಸುತ್ತೇವೆ, ಅಕೌಂಟ್ಸ್‌ನವರು ಪ್ರತಿ ಸಲ ಖಾಲಿ ಡಬ್ಬಿಗೆ ಯಾಕೆ ಬಿಲ್ ಅಂತ ಕೇಳುತ್ತಾರೆ. ಫೈಲನ್ನು ಸ್ಪಾಟ್ ನೋಡಿದ ಮೇಲೆ ಓದುತ್ತೇನೆ. ಹುಡುಗ ಈಗ ನನ್ನ ಕೈಯ ಫೋಟೋ ಬೇಕಂತಲೇ ತೆಗೆಯುತ್ತಾನೆ, ಪ್ರತಿ ಡಬ್ಬಿಗೂ ಒಂದು. ತೆಗೆಯುವಾಗ ನಗು ತಡೆದುಕೊಳ್ಳುತ್ತಾನೆ ಅಂತ ನನಗೆ ಅನುಮಾನ.

ಹಣ ಪಾವತಿಯಾಗುವ ಹೊತ್ತಿಗೆ ಹನ್ನೊಂದು ತಿಂಗಳು ಕಳೆದಿತ್ತು. ಕಾಗದಕ್ಕೆ ಸಹಿ ಹಾಕಲು ಮಾಲೀಕರು ಆಫೀಸಿಗೆ ಬಂದರು. ಬೈಯುತ್ತಾರೆ ಅಂತ ಕಾದಿದ್ದೆ, ಬೈಯಲಿಲ್ಲ. ಪೆನ್ ವಾಪಸ್ ಕೊಟ್ಟು ಎದ್ದು ನಿಂತರು. ಬಾಗಿಲ ತನಕ ಹೋದವರು ತಿರುಗಿದರು.

"ಹಾಗಾದ್ರೆ ಬೆಂಕಿ ಹೇಗೆ ಹತ್ತಿತು ಸಾರ್?"

ಗೊತ್ತಿಲ್ಲ ಅಂದೆ. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ ಅಂತಲೂ ಹೇಳಿದೆ. ಅವರು ತಲೆಯಾಡಿಸಿ ಹೋದರು.

ಸ್ಪಾಟ್‌ಗೆ ಹೋದ ಮೊದಲ ದಿನವೂ ಅವರು ಇದನ್ನೇ ಕೇಳಿದ್ದರು, ಎರಡು ಮೂರು ಸಲ. ನೋಟ್‌ಬುಕ್‌ನಲ್ಲಿ ಇನ್ನೂ ಇದೆ, ನನ್ನದೇ ಅಕ್ಷರ: "ಮಾಲೀಕರು ಕಾರಣದ ಬಗ್ಗೆ ಪದೇ ಪದೇ ವಿಚಾರಿಸುತ್ತಿದ್ದಾರೆ. ಅನುಮಾನಾಸ್ಪದ."