ಬಿಡಲೊಲ್ಲದ ರಿಲೇ: ತೋಟದ ಪಂಪಿನ ನಿಯಂತ್ರಕ, ನಾಲ್ಕನೆಯ ತಿಂಗಳು

ಮೂರು ವಾರಗಳಿಂದ ಕಾಡುತ್ತಿದ್ದ ದೋಷ ಕಳೆದ ಭಾನುವಾರ ಸಂಜೆ ಪತ್ತೆಯಾಯಿತು. ಅದು ರಿಲೇಯಲ್ಲಿ (ಕಾಯಿಲ್ ಎಂಬ ಸುರುಳಿಗೆ ಕರೆಂಟ್ ಬಂದರೆ ಕಾಂಟ್ಯಾಕ್ಟು ಎಂಬ ಲೋಹದ ತುದಿಗಳನ್ನು ಸೇರಿಸಿ ಹಿಡಿಯುವ, ಕರೆಂಟ್ ನಿಂತರೆ ಬಿಡುವ ಸ್ವಿಚ್ಚಿನಲ್ಲಿ) ಇರಲೇ ಇಲ್ಲ. ಹಿಂದಿನ ತೊಂದರೆಯೊಂದನ್ನು ನಿವಾರಿಸಲು ನಾನೇ ಜೋಡಿಸಿದ್ದ, ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗವಾದ ಕೆಪ್ಯಾಸಿಟರ್‌ನಲ್ಲಿತ್ತು.

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ, ಗುಡ್ಡದ ಮೇಲಿನ ಟ್ಯಾಂಕು ತುಂಬಿದ ಕೂಡಲೇ ಕೆರೆಯ ದಡದ ಪಂಪು ತಾನಾಗಿ ನಿಲ್ಲಬೇಕು ಎಂಬುದಷ್ಟೇ ಈ ಕೆಲಸದ ಗುರಿ. ನೀರಿನ ಮಟ್ಟ ಅರಿಯುವ ಫ್ಲೋಟ್ ಸ್ವಿಚ್ಚು, ಕೇಬಲ್ಲು, ಬೋರ್ಡಿನ ಪ್ರೋಗ್ರಾಮು ಎಲ್ಲವೂ ಮುಗಿದಿವೆ. ಮೊದಲು ಬೋರ್ಡಿನ ಮೇಲಿನ 12 ವೋಲ್ಟ್‌ನ ಚಿಕ್ಕ ರಿಲೇಯೇ ಸ್ಟಾರ್ಟರಿನ ಕಾಂಟ್ಯಾಕ್ಟರನ್ನು (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ರಿಲೇಯಂಥ ಸ್ವಿಚ್ಚನ್ನು) ನೇರವಾಗಿ ನಡೆಸುತ್ತಿತ್ತು. ಎರಡು ತಿಂಗಳಿಗೇ ಅದರ ಕಾಂಟ್ಯಾಕ್ಟುಗಳು ಬೆಸುಗೆ ಹಾಕಿದಂತೆ ಅಂಟಿಕೊಂಡವು. ಡಬ್ಬಿ ಕತ್ತರಿಸಿ ನೋಡಿದರೆ ಬೆಳ್ಳಗಿರಬೇಕಾದ ಬೊಟ್ಟಿನ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕಪ್ಪು ಕುಳಿ ಬಿದ್ದಿತ್ತು. ರಿಲೇಯ ಮೈಮೇಲೆ ಬರೆದಿರುವ 10 ಆಂಪಿಯರ್ ಹೀಟರುಗಳಂತಹ ಲೋಡಿನ ಲೆಕ್ಕ. ಕಾಂಟ್ಯಾಕ್ಟರಿನ ಕಾಯಿಲ್ ಹಿಡಿಯುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಬಿಡುವಾಗ ಕಿಡಿ ಹಾರಿಸುತ್ತದೆ. ಆದ್ದರಿಂದ ನಡುವೆ 230 ವೋಲ್ಟ್ ಎಸಿ ಕಾಯಿಲ್‌ನ ಪ್ಲಗ್-ಇನ್ ರಿಲೇಯೊಂದನ್ನು ಕೂರಿಸಿ, ಚಿಕ್ಕ ರಿಲೇಯ ಕಾಂಟ್ಯಾಕ್ಟಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ನ ಸ್ನಬ್ಬರ್ (ಕಿಡಿ ತಣಿಸುವ ಜೋಡಿ) ಹಾಕಿದೆ. ಕಿಡಿ ನಿಂತಿತು, ಹೊಸ ಕಾಟ ಶುರುವಾಯಿತು.

ಟ್ಯಾಂಕು ತುಂಬುತ್ತದೆ, ಬೋರ್ಡಿನ ದೀಪ ಆರುತ್ತದೆ, ಚಿಕ್ಕ ರಿಲೇ ಟಕ್ಕೆಂದು ಬಿಡುವುದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಪ್ಲಗ್-ಇನ್ ರಿಲೇ ಸಣ್ಣಗೆ ಗುಂಯ್‌ಗುಡುತ್ತಾ ಹಿಡಿದುಕೊಂಡೇ ಇರುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಒಮ್ಮೆ ಹೀಗೆ ಉಕ್ಕಿ ಹರಿದ ನೀರು ಎಳೆಯ ಅಡಿಕೆ ಸಸಿಗಳ ಬುಡದ ಮಣ್ಣನ್ನೇ ಕೊಚ್ಚಿಕೊಂಡು ಹೋಯಿತು. ಹಗಲಿನಲ್ಲಿ ವೋಲ್ಟೇಜ್ ಇಳಿದಿದ್ದಾಗ ರಿಲೇ ಬಿಡುತ್ತಿತ್ತು, ರಾತ್ರಿ ಏರಿದಾಗ ಬಿಡುತ್ತಿರಲಿಲ್ಲ; ಈ ಹೊಂದಾಣಿಕೆ ನನ್ನ ಗಮನಕ್ಕೆ ಬಂದದ್ದು ತಡವಾಗಿ.

ರಿಲೇಯ ಮೇಲೆಯೇ ಸಂಶಯಪಟ್ಟು ಬೇರೆ ಮೂರನ್ನು ತರಿಸಿದೆ. ಅಂಗಡಿಯವರು ಕಳುಹಿಸಿದ ಪೊಟ್ಟಣದಲ್ಲಿ ಒಂದರ ಮೇಲೆ 230 ಎಂಬ ಚೀಟಿ ಇದ್ದರೂ ಕಾಯಿಲ್ ಅಳೆದಾಗ ಸುಮಾರು 650 ಓಮ್ ಬಂತು. ಅದು 24 ವೋಲ್ಟ್ ಡಿಸಿ ರಿಲೇ. 230 ವೋಲ್ಟ್ ಎಸಿ ಕಾಯಿಲ್ ಹತ್ತಿಪ್ಪತ್ತು ಸಾವಿರ ಓಮ್ ತೋರಿಸಬೇಕು. ಸಾಕೆಟ್ಟಿಗೆ ಚುಚ್ಚುವ ಮುನ್ನ ಅಳೆಯದಿದ್ದರೆ ಅಲ್ಲೇ ಸುಟ್ಟು ಹೋಗುತ್ತಿತ್ತು. ಕರೆ ಮಾಡಿ ಹೇಳಿದರೆ, "ನೋಡೋಕೆ ಎಲ್ಲಾ ಒಂದೇ ಥರ ಇರ್ತಾವಲ್ಲ ಸಾರ್" ಎಂಬ ಉತ್ತರ ಬಂತು. ಅಂಚೆಯ ಖರ್ಚಿಗಿಂತ ಈ ಉತ್ತರವೇ ನನಗೆ ಹೆಚ್ಚು ಬೇಸರ ತಂದಿತು, ಏಕೆಂದರೆ ಅಳೆಯದೆ ಚುಚ್ಚುವವರೂ ಅದೇ ಅಂಗಡಿಯಿಂದ ಕೊಳ್ಳುತ್ತಾರೆ.

ಸರಿಯಾಗಿದ್ದ ಇನ್ನೆರಡು ರಿಲೇಗಳೂ ಅದೇ ರೀತಿ ಹಿಡಿದುಕೊಂಡಾಗ, ನಮ್ಮೂರಿನಲ್ಲಿ ಮೋಟಾರು ರಿಪೇರಿ ಮಾಡುವ ಹಿರಿಯರನ್ನು ಕರೆದೆ. ಪೆಟ್ಟಿಗೆಯ ಬಾಗಿಲು ತೆಗೆದವರು ಮೊದಲು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದರು. "ರಿಲೇ ಬಿಟ್ಟಿದೆ ಅಂದ್ರೆ ಕರೆಂಟ್ ಇಲ್ಲ ಅಂತಲ್ಲ ಮಾರಾಯ. ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊ, ಆಮೇಲೆ ಕೈ ಹಾಕು" ಎಂದರು. ಜೇಬಿನಲ್ಲಿ ಫ್ಯೂಸ್ ಇದ್ದರೆ, ಮನೆಯವರು ಯಾರೂ ಅರಿಯದೆ ಲೈನ್ ಕೊಡಲಾರರು.

ಅವರ ಎದುರಿನಲ್ಲೇ ಪ್ಲಗ್-ಇನ್ ರಿಲೇಯನ್ನು ಕಿತ್ತು, ಕಾಯಿಲ್‌ನ ಎರಡು ತುದಿಗಳಿಗೆ ಮೀಟರಿನ ಕ್ಲಿಪ್ಪುಗಳನ್ನು ಸಿಕ್ಕಿಸಿ, ಪೆಟ್ಟಿಗೆಯಿಂದ ಕೈ ದೂರವಿಟ್ಟು ಫ್ಯೂಸ್ ಹಾಕಿದೆ. ಚಿಕ್ಕ ರಿಲೇ ಬಿಟ್ಟ ಸ್ಥಿತಿಯಲ್ಲೇ ಇತ್ತು, ಮೀಟರ್ ಮಾತ್ರ 220 ವೋಲ್ಟ್‌ಗಿಂತ ಹೆಚ್ಚು ತೋರಿಸಿತು. ಮತ್ತೆ ಫ್ಯೂಸ್ ತೆಗೆದು ಅದೇ ತುದಿಗಳಿಗೆ 40 ವಾಟ್‌ನ ಬಲ್ಬು ಸೇರಿಸಿ ಫ್ಯೂಸ್ ಹಾಕಿದರೆ, ಬಲ್ಬು ಉರಿಯಲಿಲ್ಲ, ಮೀಟರಿನ ಅಂಕಿ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ಅಲ್ಲಿ ಇದ್ದದ್ದು ಬಲ್ಬು ಉರಿಸಲಾರದಷ್ಟು ಸಣ್ಣ ಸೋರಿಕೆ. ಸೋರಲು ಇದ್ದ ದಾರಿ ಸ್ನಬ್ಬರ್ ಒಂದೇ. 0.1 ಮೈಕ್ರೋಫ್ಯಾರಡ್ 50 ಹರ್ಟ್ಸ್‌ನಲ್ಲಿ ಸುಮಾರು 32,000 ಓಮ್‌ನಷ್ಟು ತಡೆ ಒಡ್ಡುತ್ತದೆ. 230 ವೋಲ್ಟ್‌ಗೆ ಅದು ಏಳು ಮಿಲಿಆಂಪಿಯರ್ ಹರಿಯಬಿಡುತ್ತದೆ. ದೊಡ್ಡ ಕಾಂಟ್ಯಾಕ್ಟರಿಗೆ ಇದು ಲೆಕ್ಕಕ್ಕಿಲ್ಲ. ನನ್ನ ಪ್ಲಗ್-ಇನ್ ರಿಲೇಗೆ ಬೇಕಾದದ್ದೇ ಸುಮಾರು ಅಷ್ಟು, ಹಿಡಿದ ಮೇಲೆ ಉಳಿಸಿಕೊಳ್ಳಲು ಅದಕ್ಕಿಂತಲೂ ಕಡಿಮೆ ಸಾಕು.

ಅದೇ ಏಳು ಮಿಲಿಆಂಪಿಯರ್ ನನ್ನ ಕೈಯ ಮೂಲಕ ಹರಿದಿದ್ದರೆ ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಸುಮಾರು ಹತ್ತಕ್ಕೆ ಕೈ ಬಿಡಿಸಿಕೊಳ್ಳುವುದೇ ಕಷ್ಟವಾಗುತ್ತದೆ, ಸೋರಿಕೆ ಕಂಡರೆ ಲೈನ್ ಕತ್ತರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಏಳಕ್ಕೆ ಟ್ರಿಪ್ ಆಗುವುದಿಲ್ಲ, ಪಂಪುಮನೆಯ ನೆಲವಂತೂ ಸದಾ ಒದ್ದೆ. ಈಗ ಫ್ಯೂಸ್ ಕಿತ್ತ ಮೇಲೆ, ಮೀಟರನ್ನು ಮೊದಲು ಬೇರೆ ಸಾಲಿನ ಲೈವ್ ಪ್ಲಗ್‌ನಲ್ಲಿ, ಬಳಿಕ ಕೆಲಸದ ತಂತಿಯಲ್ಲಿ, ಪುನಃ ಅದೇ ಪ್ಲಗ್‌ನಲ್ಲಿ ಪರೀಕ್ಷಿಸಿದ ನಂತರವೇ ಕೈ ಹಾಕುತ್ತೇನೆ. ನಡುವೆ ಮೀಟರೇ ಕೆಟ್ಟಿದ್ದರೆ ಮೂರನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ. ಪಕ್ಕದ ಸಿಂಗಲ್ ಫೇಸ್ ಪಂಪಿನ ಕೆಪ್ಯಾಸಿಟರನ್ನು ರೆಸಿಸ್ಟರ್ ಮೂಲಕ ಬರಿದು ಮಾಡದೆ ಮುಟ್ಟುವುದಿಲ್ಲ.

ಪರಿಹಾರಕ್ಕೆ ಹತ್ತು ನಿಮಿಷ ಸಾಕಾಯಿತು. ಸ್ನಬ್ಬರನ್ನು ಕಾಂಟ್ಯಾಕ್ಟಿನಿಂದ ಬಿಚ್ಚಿ ಪ್ಲಗ್-ಇನ್ ರಿಲೇಯ ಕಾಯಿಲ್‌ಗೆ ಅಡ್ಡಲಾಗಿ ಹಾಕಿ, ಜೊತೆಗೆ, ಮಿತಿ ಮೀರಿ ಏರುವ ವೋಲ್ಟೇಜನ್ನು ತಡೆಯುವ 275 ವೋಲ್ಟ್ ಎಸಿಯ ವ್ಯಾರಿಸ್ಟರ್ ಒಂದನ್ನು ಸೇರಿಸಿದೆ. ಕಿಡಿ ತಣಿಯುತ್ತದೆ, ತೆರೆದ ಕಾಂಟ್ಯಾಕ್ಟಿನ ಮೇಲೆ ಸೋರುವ ದಾರಿ ಉಳಿಯುವುದಿಲ್ಲ. ಅಂದಿನಿಂದ ಇಂದಿನವರೆಗೆ 41 ಬಾರಿ, ರಾತ್ರಿಯ ಏರಿದ ವೋಲ್ಟೇಜಿನಲ್ಲೂ, ಪಾರದರ್ಶಕ ಕವಚದೊಳಗಿನ ಪಟ್ಟಿ ತಡವಿಲ್ಲದೆ ಹಿಂದಕ್ಕೆ ಸರಿದಿದೆ.

ಮಳೆಗಾಲದಲ್ಲಿ ತೋಟದ ಅಂಚಿನ ಹಳ್ಳಕ್ಕೆ ಚಿಕ್ಕ ಟರ್ಬೈನ್ ಇಟ್ಟು 24 ವೋಲ್ಟ್ ಬ್ಯಾಟರಿ ತುಂಬಿಸುವುದು ಮುಂದಿನ ಯೋಜನೆ. ಅಲ್ಲಿ ರಿಲೇಯ ಕಥೆಯೇ ಬೇರೆ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುವುದರಿಂದ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಬಿಡುವು ಇಲ್ಲ. 250 ವೋಲ್ಟ್ ಎಸಿಗೆ ಒಪ್ಪುವ ರಿಲೇಯ ಮೇಲೆ 30 ವೋಲ್ಟ್ ಡಿಸಿ ಎಂದಷ್ಟೇ ಬರೆದಿರುವುದು ಇದಕ್ಕಾಗಿಯೇ. ಚೀಟಿ ತಪ್ಪಿ ಬಂದ ಆ 24 ವೋಲ್ಟ್ ರಿಲೇಯ ಮೈಮೇಲೆ 650 ಓಮ್ ಎಂದು ಮಾರ್ಕರಿನಲ್ಲಿ ಬರೆದು, ಟರ್ಬೈನಿನ ಸಾಮಾನುಗಳ ಡಬ್ಬಿಗೆ ಹಾಕಿಟ್ಟಿದ್ದೇನೆ.