ಮಾಸ್ಕ್ ಮೊದಲು ಮುಖಕ್ಕೆ ಕೂರಬೇಕು

ಕಳೆದ ವಾರ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಕೇಳಿದಳು, "ಅಕ್ಕ, ಫ್ರೀಡೈವಿಂಗ್ ಕಲಿಯಲಿಕ್ಕೆ ಹೋಗ್ತಾ ಇದ್ದೇನೆ. ನೀವು ಯಾವ ಮಾಸ್ಕ್ ತಗೊಂಡದ್ದು? ಲಿಂಕ್ ಕಳಿಸಿ." ಫ್ರೀಡೈವಿಂಗ್ ಎಂದರೆ ಸಿಲಿಂಡರ್ ಇಲ್ಲದೆ ಒಂದೇ ಉಸಿರು ಕಟ್ಟಿ ಮುಳುಗುವುದು, ಮಾಸ್ಕ್ ಎಂದರೆ ಅದಕ್ಕೆ ಹಾಕುವ, ಕಣ್ಣು ಮೂಗು ಎರಡೂ ಮುಚ್ಚುವ ಗಾಜಿನ ಮಾಸ್ಕ್. ನಾನು ಲಿಂಕ್ ಕಳಿಸಲಿಲ್ಲ. ಸಂಜೆ ಮನೆಗೆ ಕರೆದೆ. ನನ್ನ ಹತ್ತಿರ ಇದ್ದ ಮೂರು ಮಾಸ್ಕ್ ಮೇಜಿನ ಮೇಲಿಟ್ಟು, ಒಂದೊಂದೇ ಮುಖಕ್ಕೆ ಇಟ್ಟು ನೋಡು ಎಂದೆ. ನನಗೆ ಹೊಲಿಸಿದ ಹಾಗೆ ಕೂರುವ ಮಾಸ್ಕ್ ಅವಳ ಮುಖದಲ್ಲಿ ಎರಡು ಸೆಕೆಂಡ್ ಕೂಡ ನಿಲ್ಲಲಿಲ್ಲ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಮಳೆಗಾಲ ಮುಗಿಯಿತು, ಸಮುದ್ರ ತಿಳಿಯಾಗುತ್ತಾ ಬಂತು, ಇನ್ನು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ ಹೊರಡುವ ಸಮಯ. ಇನ್ನೂ ಕೆಲವರು ಮಾಸ್ಕ್ ಹುಡುಕುತ್ತಿರಬಹುದು.

ಮೊದಲು ನನ್ನ ಕಣ್ಣಿನ ಕಥೆ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನೇತ್ರಾಣಿಯಲ್ಲಿ ಬಾಯಲ್ಲಿ ಉಸಿರಾಡುವ ಕೊಳವೆ ಕಚ್ಚಿ ಸುಮ್ನೆ ಮೇಲೆ ತೇಲುತ್ತಾ ಸ್ನಾರ್ಕೆಲ್ ಮಾಡುತ್ತಿದ್ದೆ. ಕೆಳಗೆ ಒಂದು ಕಡಲಾಮೆ ಕಂಡಿತು. ಉಸಿರು ಕಟ್ಟಿ ತಲೆಕೆಳಗಾಗಿ ಮುಳುಗು ಹಾಕಿದೆ. ಹೊರಗಿನ ನೀರಿನ ಒತ್ತಡಕ್ಕೆ ಸರಿಯಾಗಿ ಒಳಗಿನಿಂದ ಕಿವಿಗೆ ಗಾಳಿ ಕೊಡಬೇಕು ಎಂದು ಗೊತ್ತಿತ್ತು, ಮೂಗು ಹಿಡಿದು ಊದಿ ಕೊಟ್ಟೆ. ಮಾಸ್ಕಿಗೂ ಗಾಳಿ ಕೊಡಬೇಕು ಎಂದು ಯಾರೂ ಹೇಳಿರಲಿಲ್ಲ. ಏಳೆಂಟು ಮೀಟರ್ ಇಳಿದಿರಬಹುದು, ಮಾಸ್ಕ್ ಮುಖವನ್ನು ಹಿಡಿದು ಎಳೆಯುತ್ತಿದೆ ಅನ್ನಿಸಿತು, ಆದರೂ ಆಮೆಯ ಹಿಂದೆಯೇ ಇದ್ದೆ. ಮೇಲೆ ಬಂದಾಗ ಏನೂ ನೋವಿಲ್ಲ. ದೋಣಿಯಲ್ಲಿದ್ದವರು ನನ್ನ ಮುಖ ನೋಡಿ ಗಾಬರಿಯಾದರು. ಎಡಗಣ್ಣಿನ ಬಿಳಿಭಾಗ ಅರ್ಧಕ್ಕರ್ಧ ರಕ್ತದ ಬಣ್ಣ, ಕಣ್ಣಿನ ಸುತ್ತ ಮಾಸ್ಕಿನ ಆಕಾರಕ್ಕೇ ಸರಿಯಾಗಿ ಒಂದು ಕೆಂಪು ಗೆರೆ. ಮನೆಗೆ ಬಂದರೆ ಅಮ್ಮ "ಎಂತ ಮಾಡ್ಕೊಂಡು ಬಂದೆ ಮಾರಾಯ್ತಿ" ಎಂದು ಅಲ್ಲೇ ಕೂತುಬಿಟ್ಟರು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ದೃಷ್ಟಿಗೆ ಏನೂ ಆಗಿಲ್ಲ, ಮೇಲಿನ ಸಣ್ಣ ರಕ್ತನಾಳ ಒಡೆದಿದೆ, ತಾನಾಗಿ ಇಳಿಯುತ್ತದೆ ಎಂದರು. ಪೂರ್ತಿ ಇಳಿಯಲು ಎರಡು ವಾರ ಬೇಕಾಯಿತು. ನಿಮಗೆ ಹೀಗಾದರೆ, ಅದರಲ್ಲೂ ನೋವು ಇದ್ದರೆ ಅಥವಾ ಕಣ್ಣು ಮಂಜಾದರೆ, ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಇದನ್ನು ಮಾಸ್ಕ್ ಸ್ಕ್ವೀಝ್ ಎನ್ನುತ್ತಾರೆ. ನೀರಿನ ಮೇಲೆ ಗಾಳಿಯ ಒತ್ತಡ ಒಂದು ಪಟ್ಟು ಎಂದುಕೊಂಡರೆ ಹತ್ತು ಮೀಟರ್ ಕೆಳಗೆ ಎರಡು ಪಟ್ಟು, ಇಪ್ಪತ್ತರಲ್ಲಿ ಮೂರು, ಮೂವತ್ತರಲ್ಲಿ ನಾಲ್ಕು. ಒತ್ತಡ ಎರಡಾದರೆ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತದೆ. ಪುಗ್ಗೆಯಾದರೆ ಅದೂ ಕುಗ್ಗುತ್ತದೆ, ತೊಂದರೆ ಇಲ್ಲ. ಮಾಸ್ಕಿನ ಗಾಜು ಕುಗ್ಗುವುದಿಲ್ಲ ಅಲ್ವಾ? ಸಿಲಿಕೋನ್ ಸ್ವಲ್ಪ ಒತ್ತಿಕೊಳ್ಳುತ್ತದೆ, ಆಮೇಲೆ ಉಳಿದದ್ದು ನಮ್ಮ ಮುಖ, ನಮ್ಮ ಕಣ್ಣು. ಅದಕ್ಕೇ ಇಳಿಯುತ್ತಾ ಮೂಗಿನಿಂದ ಸ್ವಲ್ಪ ಸ್ವಲ್ಪ ಗಾಳಿ ಮಾಸ್ಕಿನೊಳಗೆ ಬಿಡುತ್ತಿರಬೇಕು. ಎಳೆತ ಶುರುವಾಗುವ ಮೊದಲೇ ಬಿಡಬೇಕು, ಶುರುವಾದ ಮೇಲಲ್ಲ.

ಸ್ಕೂಬಾ ಮಾಡುವವರಿಗೆ ಇದು ದೊಡ್ಡ ವಿಷಯವೇ ಅಲ್ಲ, ಬೆನ್ನ ಮೇಲೆ ಸಿಲಿಂಡರ್ ಇರುತ್ತದೆ, ಎಷ್ಟು ಬೇಕಾದರೂ ಊದಬಹುದು. ಫ್ರೀಡೈವಿಂಗಿನಲ್ಲಿ ಹಾಗಲ್ಲ. ಮೇಲೆ ಎಳೆದುಕೊಂಡ ಒಂದೇ ಉಸಿರು, ಅದರಲ್ಲೇ ಎಲ್ಲ ಆಗಬೇಕು. ಎದೆಯಲ್ಲಿ ಐದು ಲೀಟರ್ ಗಾಳಿ ತುಂಬಿಕೊಂಡು ಹೋದರೆ ಇಪ್ಪತ್ತು ಮೀಟರಿನಲ್ಲಿ ಅದು ಒಂದೂಮುಕ್ಕಾಲು ಲೀಟರಿಗಿಂತ ಕಡಿಮೆ ಜಾಗಕ್ಕೆ ಕುಗ್ಗಿರುತ್ತದೆ. ಅದರಿಂದ ಬಾಯಿಗೆ ಸ್ವಲ್ಪ ತಂದುಕೊಂಡು ಕಿವಿಗೂ ಕೊಡಬೇಕು, ಮಾಸ್ಕಿಗೂ ಕೊಡಬೇಕು. ಮಾಸ್ಕಿನ ಒಳಗಿನ ಜಾಗ ಎಷ್ಟು ದೊಡ್ಡದೋ ಅಷ್ಟು ಜಾಸ್ತಿ ಅದು ಕೇಳುತ್ತದೆ. ಲೋ ವಾಲ್ಯೂಮ್ ಮಾಸ್ಕ್ ಬೇಕು ಎನ್ನುವುದು ಇದೇ ಕಾರಣಕ್ಕೆ, ಬೇರೆ ಯಾವ ಫ್ಯಾಷನ್ನಿಗೂ ಅಲ್ಲ.

ಅಂಗಡಿಯ ಡಬ್ಬದ ಮೇಲೆ ಬರೆದದ್ದನ್ನು ನಂಬುವ ಬದಲು ನಾನೇ ಒಂದು ದಿನ ಬಚ್ಚಲಿನಲ್ಲಿ ಕೂತು ಅಳೆದೆ. ಮಾಸ್ಕನ್ನು ಗಾಜು ಕೆಳಗೆ ಮಾಡಿ ಹಿಡಿದು, ಅಂಚಿನ ತನಕ ನೀರು ತುಂಬಿಸಿ, ಕಣ್ಣು ಮುಚ್ಚಿ ಬಗ್ಗಿ ಮುಖವನ್ನು ಅದಕ್ಕೆ ಒತ್ತಿದೆ. ಮೂಗು, ಹಣೆ ಒಳಗೆ ಹೋದಷ್ಟು ನೀರು ಹೊರಗೆ ಚೆಲ್ಲಿತು. ನಿಧಾನಕ್ಕೆ ಮುಖ ಎತ್ತಿ, ಉಳಿದ ನೀರನ್ನು ಅಡುಗೆಮನೆಯ ಅಳತೆ ಲೋಟಕ್ಕೆ ಸುರಿದೆ. ಆ ಉಳಿದದ್ದೇ ನನ್ನ ಮುಖದ ಮೇಲೆ ಆ ಮಾಸ್ಕ್ ಹಿಡಿಯುವ ಗಾಳಿ. ನೇತ್ರಾಣಿಗೆ ಹಾಕಿಕೊಂಡು ಹೋಗಿದ್ದ ಹಳೆಯ ಅಗಲ ಗಾಜಿನ ಮಾಸ್ಕಿನಲ್ಲಿ ಸುಮಾರು 190 ಮಿಲಿ ಲೀಟರ್ ಸಿಕ್ಕಿತು. ಈಗ ಹಾಕುವುದರಲ್ಲಿ 105. ಮೂರು ಮೂರು ಸಲ ಮಾಡಿದೆ, ಐದು ಹತ್ತು ಮಿಲಿ ಲೀಟರ್ ಆಚೆ ಈಚೆ ಬಂತು, ಅಷ್ಟೇ.

ಲೆಕ್ಕ ಹಾಕಿ. ಇಪ್ಪತ್ತು ಮೀಟರಿನಲ್ಲಿ ಒತ್ತಡ ಮೂರು ಪಟ್ಟು, ಅಂದರೆ ಮಾಸ್ಕಿನಲ್ಲಿ ಮೊದಲೇ ಇದ್ದದ್ದನ್ನು ಬಿಟ್ಟು ಅದರ ಎರಡರಷ್ಟು ಗಾಳಿ ಎದೆಯಿಂದ ಹೋಗಬೇಕು. ನೀರಿನ ಮೇಲಿನ ಗಾಳಿಯ ಲೆಕ್ಕದಲ್ಲಿ ಹಳೆಯದಕ್ಕೆ 380 ಮಿಲಿ ಲೀಟರ್, ಹೊಸದಕ್ಕೆ 210. ಮೂವತ್ತು ಮೀಟರಿಗೆ ಹೋದರೆ ಹಳೆಯದು 570 ಕೇಳುತ್ತದೆ, ಒಂದು ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟಿಗಿಂತ ಜಾಸ್ತಿ. ಅಷ್ಟು ಗಾಳಿ ಬರೀ ಗಾಜಿನ ಹಿಂದೆ ತುಂಬಿಸಲಿಕ್ಕೆ! ತುಂಬಾ ಆಳಕ್ಕೆ ಹೋಗುವ ಸ್ಪರ್ಧಿಗಳಲ್ಲಿ ಕೆಲವರು ಮಾಸ್ಕನ್ನೇ ಬಿಟ್ಟು ಮೂಗಿಗೆ ಕ್ಲಿಪ್ ಹಾಕಿ, ನೀರು ತುಂಬಿದ ಕನ್ನಡಕ ಹಾಕುತ್ತಾರೆ. ನೀರು ಕುಗ್ಗುವುದಿಲ್ಲವಲ್ಲ, ಅದಕ್ಕೆ. ನಮಗೆ ಅದೆಲ್ಲ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಹೇಳುವುದು ಒಂದೇ. ಸರಿಯಾಗಿ ಕೂರದ 80 ಮಿಲಿ ಲೀಟರಿನ ಮಾಸ್ಕಿಗಿಂತ ಸರಿಯಾಗಿ ಕೂರುವ 120ರ ಮಾಸ್ಕ್ ಎಷ್ಟೋ ಮೇಲು. ನೀರು ಸೋರಿದರೆ ಅದನ್ನು ಹೊರಗೆ ಹಾಕಲು ಮತ್ತೆ ಮೂಗಿನಿಂದ ಊದಬೇಕು. ಉಳಿಸಿದ ಗಾಳಿಯೆಲ್ಲ ಅಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಎಂದರೆ ಮನಸ್ಸು ಸೋರುವ ಕಡೆಗೇ ಹೋಗುತ್ತದೆ. ಮೈ ಸಡಿಲ ಬಿಟ್ಟರೆ ಮಾತ್ರ ಉಸಿರು ನಿಲ್ಲುವ ಆಟ ಇದು, ಕಣ್ಣಿಗೆ ಉಪ್ಪುನೀರು ತಾಗುತ್ತಿದ್ದರೆ ಮೈ ಹೇಗೆ ಸಡಿಲ ಆಗುತ್ತದೆ?

ನೋಡುವ ಕ್ರಮ ಹೀಗೆ. ತಲೆಯ ಪಟ್ಟಿಯನ್ನು ಮುಂದಕ್ಕೆ ಗಾಜಿನ ಮೇಲೆ ಮಡಚಿ. ಮನೆಯ ಸೂರು ನೋಡುವ ಹಾಗೆ ಮುಖ ಮೇಲೆ ಮಾಡಿ, ಮಾಸ್ಕನ್ನು ಒತ್ತದೆ ಸುಮ್ನೆ ಮುಖದ ಮೇಲೆ ಇಡಿ. ಸುತ್ತಲೂ ಅಂಚು ತಾಗುತ್ತಿದೆಯಾ ಎಂದು ಇನ್ನೊಬ್ಬರು ನೋಡಲಿ, ಹುಬ್ಬಿನ ಮೂಲೆಯಲ್ಲಿ, ಕೆನ್ನೆಯ ಮೂಳೆಯ ಕೆಳಗೆ ಎಲ್ಲಾದರೂ ಬೆಳಕು ಕಂಡರೆ ಅದು ನಿಮ್ಮದಲ್ಲ. ಆಮೇಲೆ ಮೂಗಿನಿಂದ ಬಹಳ ಮೆಲ್ಲಗೆ, ಮಲ್ಲಿಗೆ ಮೂಸುವಷ್ಟೇ, ಉಸಿರು ಎಳೆದು ಹಿಡಿಯಿರಿ. ಮುಖ ಕೆಳಗೆ ಮಾಡಿ. ಮಾಸ್ಕ್ ಬೀಳದೆ ನಿಂತರೆ ಒಳ್ಳೆಯದು. ಜೋರಾಗಿ ಎಳೆದರೆ ಯಾವ ಮಾಸ್ಕಾದರೂ ಅಂಟಿಕೊಳ್ಳುತ್ತದೆ, ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ನಿಂತ ಮೇಲೂ ಬಿಡಬೇಡಿ. ಬಾಯಿಗೆ ಸ್ನಾರ್ಕೆಲ್ ಕಚ್ಚಿ ನೋಡಿ, ನಕ್ಕು ನೋಡಿ. ಸ್ನಾರ್ಕೆಲ್ ಕಚ್ಚಿದಾಗ ಮೇಲ್ದುಟಿ ಸ್ವಲ್ಪ ಬದಲಾಗುತ್ತದೆ, ಮೂಗಿನ ಕೆಳಗೆ ಸೋರುವ ಮಾಸ್ಕ್ ಆಗಲೇ ಸಿಕ್ಕಿಬೀಳುತ್ತದೆ.

ಆಮೇಲೆ ಐದು ನಿಮಿಷ ಹಾಗೇ ಹಾಕಿಕೊಂಡು ಕೂರಿ. ಮೂಗಿನ ಮೇಲಿನ ಮೂಳೆಗೆ ಗಟ್ಟಿ ಫ್ರೇಮ್ ಎಲ್ಲಾದರೂ ತಾಗುತ್ತಿದೆಯಾ? ಮನೆಯಲ್ಲಿ ಚೂರು ತಾಗಿದ್ದು ಹತ್ತು ಮೀಟರ್ ಕೆಳಗೆ ಮಾಸ್ಕ್ ಒತ್ತಿಕೊಂಡಾಗ ಚುಚ್ಚುತ್ತದೆ. ನನ್ನ ಮೂರನೇ ಮಾಸ್ಕ್ ಮನೆಯಲ್ಲೇ ಉಳಿದದ್ದು ಇನ್ನೊಂದು ಕಾರಣಕ್ಕೆ, ಅದರ ಗಾಜು ಕಣ್ಣಿಗೆ ಎಷ್ಟು ಹತ್ತಿರ ಎಂದರೆ ಕಣ್ಣು ಮಿಟುಕಿಸಿದಾಗೆಲ್ಲ ರೆಪ್ಪೆಯ ಕೂದಲು ಗಾಜಿಗೆ ಸವರುತ್ತದೆ. ಅಷ್ಟು ಸಣ್ಣದು ನನಗೆ ಆಗಲಿಲ್ಲ. ಕೊನೆಗೆ ಮೂಗಿನ ಜೇಬು. ಎರಡು ಬೆರಳಲ್ಲಿ ಮೂಗು ಪೂರ್ತಿ ಮುಚ್ಚಲು ಬರಬೇಕು, ಗ್ಲೌಸ್ ಹಾಕುವವರಾದರೆ ಗ್ಲೌಸ್ ಹಾಕಿಯೇ ನೋಡಿ. ಮೂಗು ಹಿಡಿಯಲು ಬಾರದ ಮಾಸ್ಕಿನಲ್ಲಿ ಕಿವಿಗೆ ಗಾಳಿ ಕೊಡುವುದು ಬಹಳ ಕಷ್ಟ. ಪೂರ್ತಿ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಈಗ ಎಲ್ಲಾ ಕಡೆ ಕಾಣುತ್ತದೆ, ಅದರಲ್ಲಿ ದಯವಿಟ್ಟು ಮುಳುಗು ಹಾಕಬೇಡಿ. ಒಳಗೆ ಅಷ್ಟು ದೊಡ್ಡ ಜಾಗ, ಮೂಗಿಗೆ ಕೈ ತಾಗುವುದೂ ಇಲ್ಲ.

ಗಾಜು ಟೆಂಪರ್ಡ್, ಅಂದರೆ ಒಡೆದರೂ ಚೂಪಾದ ಚೂರಾಗದ ಹಾಗೆ ಹದ ಮಾಡಿದ್ದು, ಆಗಿರಲಿ. ಆಕ್ವಾಲಂಗ್ ಸ್ಫೆರಾದಂತಹ ಕೆಲವು ಲೋ ವಾಲ್ಯೂಮ್ ಮಾಸ್ಕುಗಳಲ್ಲಿ ಗಾಜಿನ ಬದಲು ಬಾಗಿದ ಪ್ಲಾಸ್ಟಿಕ್ ಇರುತ್ತದೆ, ಹಗುರ, ಬದಿಗೂ ಚೆನ್ನಾಗಿ ಕಾಣುತ್ತದೆ, ಆದರೆ ಬೇಗ ಗೀರು ಬೀಳುತ್ತದೆ. ಕನ್ನಡಕ ಹಾಕುವವರು ಎರಡು ಗಾಜಿನ ಮಾಸ್ಕ್ ನೋಡಿ, ಕೆಲವಕ್ಕೆ ಪವರ್ ಇರುವ ಗಾಜು ಸಿಗುತ್ತದೆ. ಕಪ್ಪು ಸಿಲಿಕೋನ್ ಆದರೆ ಬದಿಯ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ನನಗೆ ಅದೇ ಇಷ್ಟ.

ಪಟ್ಟಿ ಬಿಗಿ ಮಾಡಿದರೆ ಸೋರುವುದು ನಿಲ್ಲುತ್ತದೆ ಎನ್ನುವುದು ತಪ್ಪು. ಬಿಗಿ ಜಾಸ್ತಿಯಾದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ಜಡೆಯನ್ನು ಕೆಳಗೆ ಕಟ್ಟಿ, ಒಂದು ಎಳೆ ಕೂದಲು ಅಂಚಿನಡಿ ಸಿಕ್ಕಿದರೂ ನೀರಿಗೆ ಅದೇ ದಾರಿ. ಇನ್ನೊಂದು ನಮ್ಮ ಊರಿನ ವಿಷಯ, ತೆಂಗಿನೆಣ್ಣೆ. ತಲೆಗೆ ಹಚ್ಚಿದ್ದು ಹಣೆಗೆ ಇಳಿದಿರುತ್ತದೆ, ಅದರ ಮೇಲೆ ಸಿಲಿಕೋನ್ ಜಾರುತ್ತದೆ, ಗಾಜೂ ಮಬ್ಬಾಗುತ್ತದೆ. ಸಮುದ್ರಕ್ಕೆ ಹೋಗುವ ದಿನ ಎಣ್ಣೆ ಬೇಡ.

ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ಒಂದು ತೆಳು ಪದರ ಇರುತ್ತದೆ, ಅದಿರುವ ತನಕ ಎಷ್ಟು ಉಗುಳು ಹಚ್ಚಿದರೂ ಮಂಜು ಹಿಡಿಯುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಪ್ಲಾಸ್ಟಿಕ್ ಲೆನ್ಸಿಗೆ ಮಾತ್ರ ಟೂತ್‌ಪೇಸ್ಟ್ ಹಾಕಬೇಡಿ, ಗೀರಾಗುತ್ತದೆ. ಆಮೇಲೆ ಪ್ರತಿ ಸಲ ಮಕ್ಕಳ ಶಾಂಪೂ ಒಂದು ಹನಿ ಸಾಕು.

ಮೊದಲ ಪರೀಕ್ಷೆ ಈಜುಕೊಳದಲ್ಲಿ ಮಾಡಿ, ಸಮುದ್ರದಲ್ಲಿ ಅಲ್ಲ. ಎಲ್ಲಿ ಮಾಡಿದರೂ ಒಬ್ಬರೇ ಉಸಿರು ಕಟ್ಟಿ ನೀರಿಗೆ ಇಳಿಯಬೇಡಿ. ಕೊಳದಲ್ಲಿಯೂ ಬೇಡ. ಎಚ್ಚರ ತಪ್ಪುವುದು ಸದ್ದಿಲ್ಲದೆ ಆಗುತ್ತದೆ, ನೋಡುತ್ತಾ ಇರುವ, ಎತ್ತಲು ಗೊತ್ತಿರುವ ಒಬ್ಬರು ಪಕ್ಕದಲ್ಲೇ ಇರಬೇಕು.

ಉಚ್ಚಿಲದ ಕಡೆ ನನ್ನ ಸೋದರಮಾವ ಇದ್ದಾರೆ. ಮಳೆ ಬಿಟ್ಟ ಮೇಲೆ ಇಳಿತದ ಹೊತ್ತಿಗೆ ಬಂಡೆಗಳ ಹತ್ತಿರ ಮುಳುಗಿ ಪಚ್ಚಿಲೆ (ಬಂಡೆಗೆ ಅಂಟಿಕೊಂಡಿರುವ ಹಸಿರು ಚಿಪ್ಪುಜೀವಿ) ಕೀಳುವುದು ಅವರ ಮೂವತ್ತು ವರ್ಷದ ಅಭ್ಯಾಸ. ಕಣ್ಣಿಗೆ ಈಜುವ ಕನ್ನಡಕ, ಮೂಗು ಹೊರಗೆ. ಮೂರು ನಾಲ್ಕು ಮೀಟರ್ ಅಷ್ಟೇ, ಆದರೆ ದಿನಕ್ಕೆ ನೂರು ಸಲ. ಸೀಸನ್ನಿನಲ್ಲಿ ಅವರ ಕಣ್ಣು ಯಾವಾಗಲೂ ಕೆಂಪು, ಉಪ್ಪುನೀರಿಂದ ಎಂದು ಅವರೂ ನಾವೂ ಅಂದುಕೊಂಡಿದ್ದೆವು. ನನ್ನ ಕಣ್ಣು ಹಾಗಾದ ಮೇಲೆ ನನಗೆ ಅನುಮಾನ ಬಂತು. ಈಜುವ ಕನ್ನಡಕದೊಳಗೆ ಗಾಳಿ ಬಿಡಲು ದಾರಿಯೇ ಇಲ್ಲ.

ಹೊಸ ಮಾಸ್ಕನ್ನು ಅವರಿಗೇ ಕೊಡೋಣ ಎಂದು ಒಯ್ದೆ. ಅವರದ್ದು ಅಗಲ ಮುಖ, ದಪ್ಪ ಮೀಸೆ. ಮೀಸೆಯ ಮೇಲೆ ಅಂಚು ಕೂರಲೇ ಇಲ್ಲ, ಕೆನ್ನೆಯ ಬದಿಯಲ್ಲಿ ಬೆರಳು ಹೋಗುವಷ್ಟು ಸಂದಿ. ಹಾಗೇ ಇರಲಿ ಎಂದು ನನ್ನ ಹಳೆಯ 190ರ ಮಾಸ್ಕ್ ಕೊಟ್ಟೆ. ಮೂಗಿನ ಕೆಳಗೆ ಒಂದು ಬೆರಳಿನಷ್ಟು ಮೀಸೆ ಬೋಳಿಸಿಕೊಳ್ಳಿ ಮಾವ ಎಂದು ಕೇಳಿಕೊಂಡೆ. ಸ್ವಲ್ಪ ಯೋಚನೆ ಮಾಡಿ, ಒಳಗೆ ಹೋಗಿ ಬೋಳಿಸಿಕೊಂಡು ಬಂದರು. ಪಟ್ಟಿ ಇಲ್ಲದೆ ಇಟ್ಟು, ಮೆಲ್ಲಗೆ ಉಸಿರೆಳೆದು, ಬಗ್ಗಿದರು. ನಿಂತಿತು. ಮೂರು ನಾಲ್ಕು ಮೀಟರಿಗೆ ಅದು ಕೇಳುವ ಗಾಳಿ ಅರವತ್ತೆಪ್ಪತ್ತು ಮಿಲಿ ಲೀಟರ್, ಅವರ ಎದೆಗೆ ಅದು ಲೆಕ್ಕವೇ ಅಲ್ಲ.

ಮೊನ್ನೆ ಆದಿತ್ಯವಾರ ಫೋನ್ ಮಾಡಿದ್ದರು. ಒಂದು ಬುಟ್ಟಿ ಪಚ್ಚಿಲೆ ಆಗಿದೆ, ಸುಕ್ಕ ಮಾಡಲು ಹೇಳಿದ್ದೇನೆ, ಬಾ ಎಂದರು. ಹೋದಾಗ ಮೊದಲು ನೋಡಿದ್ದು ಅವರ ಕಣ್ಣನ್ನು. ಬೆಳ್ಳಗಿತ್ತು.